ಡಬ್ಲ್ಯುಟಿಒ ಕೃಷಿ ಒಪ್ಪಂದ: ಬೆಂಬಲ ಬೆಲೆಯ ಲೆಕ್ಕ ಸಿಕ್ಕಾಗುವುದು ಎಲ್ಲಿ?

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ, ಅದು ಪರೀಕ್ಷೆಯ ಎಲ್ಲ ಗೈಡುಗಳಲ್ಲೂ ಇದೆ. 1986ರಲ್ಲಿ ಶುರುವಾದ ಉರುಗ್ವೆ ಸುತ್ತು ಎಂಬ ವ್ಯಾಪಾರ ಮಾತುಕತೆಗೆ 1994ರ ಏಪ್ರಿಲ್‌ನಲ್ಲಿ ಮರಕೇಶ್‌ನಲ್ಲಿ ಸಹಿ ಬಿತ್ತು, 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಹುಟ್ಟಿತು. ಕೃಷಿ ಒಪ್ಪಂದದಲ್ಲಿ ಮೂರು ಭಾಗ: ಮಾರುಕಟ್ಟೆ ಪ್ರವೇಶ, ರಫ್ತು ಸಬ್ಸಿಡಿ, ದೇಶೀಯ ನೆರವು. ರಫ್ತು ಸಬ್ಸಿಡಿಯನ್ನು ಕೈಬಿಡಲು ಡಬ್ಲ್ಯುಟಿಒ ಸಚಿವರ 2015ರ ನೈರೋಬಿ ಸಭೆ ಒಪ್ಪಿತು. ಜಗಳವೆಲ್ಲ ಮೂರನೆಯದರಲ್ಲಿ.

ದೇಶೀಯ ನೆರವನ್ನು ಬಣ್ಣದ ಪೆಟ್ಟಿಗೆಗಳಾಗಿ (ಬಾಕ್ಸ್) ವಿಂಗಡಿಸುತ್ತಾರೆ. ಸಂಶೋಧನೆ, ರೋಗ ನಿಯಂತ್ರಣ, ಬೆಳೆಗೆ ತಳುಕು ಹಾಕದ ನೇರ ಹಣ ಗ್ರೀನ್ ಬಾಕ್ಸ್‌ಗೆ. ಉತ್ಪಾದನೆ ಕಡಿಮೆ ಮಾಡುವ ಕರಾರಿನ ಮೇಲೆ ಕೊಡುವುದು ಬ್ಲೂಗೆ. ಬೆಂಬಲ ಬೆಲೆಯಂಥದ್ದು ಅಂಬರ್‌ಗೆ. ಗೊಬ್ಬರ, ವಿದ್ಯುತ್, ನೀರಾವರಿಯ ಸಬ್ಸಿಡಿಯನ್ನೂ ಕಣ್ಣುಮುಚ್ಚಿ ಅಂಬರ್‌ಗೆ ಹಾಕಬೇಡಿ. ಅಭಿವೃದ್ಧಿಶೀಲ ದೇಶಗಳ ಬಡ ರೈತರಿಗೆ ಹೋಗುವ ಇಂಥ ನೆರವಿಗೆ 6.2ನೇ ವಿಧಿಯಲ್ಲಿ ವಿನಾಯಿತಿ ಇದೆ, ಭಾರತ ಅದನ್ನೇ ಬಳಸಿಕೊಳ್ಳುತ್ತದೆ.

ಅಂಬರ್‌ಗೆ ಮಿತಿ ಇದೆ. ಒಂದು ಬೆಳೆಗೆ ಕೊಡುವ ನೆರವು ಆ ಬೆಳೆಯ ಒಟ್ಟು ಮೌಲ್ಯದಲ್ಲಿ ಶ್ರೀಮಂತ ದೇಶಗಳಿಗೆ ಶೇ 5, ಅಭಿವೃದ್ಧಿಶೀಲ ದೇಶಗಳಿಗೆ ಶೇ 10 ದಾಟಬಾರದು. ಇದಕ್ಕೆ ‘ಡಿ ಮಿನಿಮಿಸ್’ ಎನ್ನುತ್ತಾರೆ. ಶೇ 10 ಕಂಡು ನಮಗೇ ಲಾಭ ಅಂದುಕೊಂಡರೆ ಚಿತ್ರದ ಅರ್ಧ ಮಾತ್ರ ಕಂಡ ಹಾಗೆ. ಮೊದಲಿನಿಂದಲೂ ಹೆಚ್ಚು ಸಬ್ಸಿಡಿ ಕೊಡುತ್ತಿದ್ದವರಿಗೆ ಇದರ ಮೇಲೆ ಇನ್ನಷ್ಟು ಅಂಬರ್ ನೆರವು ಕೊಡಲು ಇನ್ನೊಂದು ಖಾತೆ ಸಿಕ್ಕಿತು. ಅಮೆರಿಕಕ್ಕೆ ಅದು ವರ್ಷಕ್ಕೆ 1,910 ಕೋಟಿ ಡಾಲರ್. ಆಗ ಕಡಿಮೆ ಕೊಡುತ್ತಿದ್ದ ಭಾರತಕ್ಕೆ ಆ ಖಾತೆಯಲ್ಲಿ ಸೊನ್ನೆ.

ಈಗ ಮುಖ್ಯ ವಿಷಯ. ಬೆಂಬಲ ಬೆಲೆಯ ‘ಸಬ್ಸಿಡಿ’ ಎಷ್ಟು ಎಂದು ಕೇಳಿದರೆ ಬಜೆಟ್ ತೆಗೆದು, ಸರ್ಕಾರ ಎಷ್ಟು ಖರ್ಚು ಮಾಡಿತು ಎಂದು ಹುಡುಕಲು ಕೈ ಹೋಗುತ್ತದೆ. ಆದರೆ ಒಪ್ಪಂದದ 3ನೇ ಅನುಬಂಧಕ್ಕೆ ಬಜೆಟ್ ಬೇಕಾಗಿಲ್ಲ. ಅದರ ಸೂತ್ರ ಇಷ್ಟೇ:

(ಸರ್ಕಾರ ಘೋಷಿಸಿದ ಬೆಲೆ − 1986–88ರ ಅಂತರರಾಷ್ಟ್ರೀಯ ಬೆಲೆ) × ಅರ್ಹ ಪ್ರಮಾಣ

ಅಕ್ಕಿಯನ್ನಿಟ್ಟುಕೊಂಡು ಮಾಡಿ ನೋಡೋಣ. 2018–19ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 1,750 ರೂಪಾಯಿ. ಒಂದೂವರೆ ಕ್ವಿಂಟಾಲ್ ಭತ್ತಕ್ಕೆ ಒಂದು ಕ್ವಿಂಟಾಲ್ ಅಕ್ಕಿ ಎಂದು ಹಿಡಿದರೆ ಅಕ್ಕಿಗೆ 2,625 ರೂಪಾಯಿ, ಅಂದರೆ ಟನ್‌ಗೆ 26,250. ಡಾಲರ್‌ಗೆ 70 ರೂಪಾಯಿಯಂತೆ 375 ಡಾಲರ್. ಭಾರತದ ಲೆಕ್ಕದಲ್ಲಿ 1986–88ರ ಬೆಲೆ ಟನ್‌ಗೆ 262.51 ಡಾಲರ್. ವ್ಯತ್ಯಾಸ ಸುಮಾರು 113 ಡಾಲರ್. ಅರ್ಹ ಪ್ರಮಾಣವೆಂದು ಸರ್ಕಾರ ಖರೀದಿಸಿದ್ದನ್ನು ಹಿಡಿಯೋಣ: ಆ ವರ್ಷ ಸುಮಾರು 4.4 ಕೋಟಿ ಟನ್ ಅಕ್ಕಿ. ಗುಣಿಸಿದರೆ ಹೆಚ್ಚುಕಡಿಮೆ 500 ಕೋಟಿ ಡಾಲರ್. ಆ ವರ್ಷ ಬೆಳೆದ ಅಕ್ಕಿಯ ಒಟ್ಟು ಮೌಲ್ಯ 4,367 ಕೋಟಿ ಡಾಲರ್. ಭಾರತವೇ ಡಬ್ಲ್ಯುಟಿಒಗೆ ತಿಳಿಸಿದಂತೆ ಪ್ರಮಾಣ ಶೇ 11.46. ಮಿತಿ ದಾಟಿತು.

ಇಲ್ಲಿ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಿ. 2018ರಲ್ಲಿ ಥಾಯ್ಲೆಂಡ್ ಅಕ್ಕಿ ಟನ್‌ಗೆ 400 ಡಾಲರ್ ಮೇಲೇ ಮಾರಾಟವಾಗುತ್ತಿತ್ತು. ಆ ಬೆಲೆಯಿಂದ ಕಳೆದರೆ ನಮ್ಮ 375ರಲ್ಲಿ ‘ನೆರವು’ ಎಂಬುದೇ ಇಲ್ಲ! ಹಾಗಿದ್ದರೂ ಮೂವತ್ತು ವರ್ಷ ಹಳೆಯ ಬೆಲೆ ಯಾಕೆ? ಒಪ್ಪಂದ ಬರೆದಾಗ ಉದ್ದೇಶವಿದ್ದದ್ದು ಅಂದಿನ ಮಟ್ಟದಿಂದ ಸಬ್ಸಿಡಿಯನ್ನು ಎಷ್ಟು ತಗ್ಗಿಸಿದಿರಿ ಎಂದು ಅಳೆಯುವುದು. ಅದಕ್ಕೆ ಕದಲದ ಒಂದು ಅಳತೆಗೋಲು ಬೇಕಿತ್ತು. ಆದರೆ ಹಣದುಬ್ಬರಕ್ಕೆ ತಕ್ಕಂತೆ ಅದನ್ನು ಸರಿಪಡಿಸುವ ಖಚಿತ ವ್ಯವಸ್ಥೆ ಮಾಡಲಿಲ್ಲ. ಸಾಲದ್ದಕ್ಕೆ, 1986–88ರಲ್ಲಿ ಅಮೆರಿಕ, ಯುರೋಪ್ ಪೈಪೋಟಿಗೆ ಬಿದ್ದು ಸಬ್ಸಿಡಿ ಸುರಿದದ್ದರಿಂದ ವಿಶ್ವ ಮಾರುಕಟ್ಟೆಯ ಬೆಲೆಯೇ ಕುಸಿದಿತ್ತು.

ಭಾರತ ಡಾಲರ್‌ನಲ್ಲಿ ಲೆಕ್ಕ ಕೊಡುವುದರ ಗುಟ್ಟೂ ಇಲ್ಲೇ ಇದೆ. ರೂಪಾಯಿಯಲ್ಲಿ ಆ ಹಳೆಯ ಬೆಲೆ ಟನ್‌ಗೆ ಬರೀ 3,520. 26,250ರಿಂದ ಅದನ್ನು ಕಳೆದರೆ ವ್ಯತ್ಯಾಸ 22,730 ರೂಪಾಯಿ! ರೂಪಾಯಿ ಕುಸಿದದ್ದನ್ನೂ ರೈತನಿಗೆ ಕೊಟ್ಟ ನೆರವೆಂದು ಎಣಿಸಿದಂತಾಗುತ್ತದೆ.

ಇನ್ನೊಂದು ತೊಡಕು ‘ಅರ್ಹ ಪ್ರಮಾಣ’. ಭಾರತ ಹೇಳುವುದು: ನಾವು ನಿಜವಾಗಿ ಖರೀದಿಸಿದ್ದು. ಎದುರಾಳಿಗಳು ಹೇಳುವುದು: ಬೆಂಬಲ ಬೆಲೆಗೆ ಮಾರಲು ಅವಕಾಶವಿದ್ದ ಎಲ್ಲ ಬೆಳೆ. ದಕ್ಷಿಣ ಕೊರಿಯಾದ ದನದ ಮಾಂಸದ ವ್ಯಾಜ್ಯದಲ್ಲಿ 2000ದಲ್ಲಿ ಡಬ್ಲ್ಯುಟಿಒದ ಮೇಲ್ಮನವಿ ಮಂಡಳಿ ಎರಡನೆಯ ಅರ್ಥವನ್ನೇ ಎತ್ತಿಹಿಡಿಯಿತು. ಸರ್ಕಾರ ತಾನು ಕೊಳ್ಳುವ ಪ್ರಮಾಣಕ್ಕೆ ಮೊದಲೇ ಮಿತಿ ಘೋಷಿಸಿರದಿದ್ದರೆ ಇದು ನಮಗೂ ತಾಗುತ್ತದೆ. ಆ ವರ್ಷದ ಇಡೀ ಉತ್ಪಾದನೆ ಸುಮಾರು 11.6 ಕೋಟಿ ಟನ್. ಡಾಲರ್ ಲೆಕ್ಕದಲ್ಲೇ ಶೇ 30ಕ್ಕೆ ಏರುತ್ತದೆ. ರೂಪಾಯಿಯೂ ಇಡೀ ಉತ್ಪಾದನೆಯೂ ಸೇರಿದರೆ ಶೇ 85 ದಾಟುತ್ತದೆ. 2018ರ ಮೇ ತಿಂಗಳಲ್ಲಿ ಅಮೆರಿಕ ಅದಕ್ಕಿಂತ ಹಿಂದಿನ ವರ್ಷಗಳನ್ನು ಹಿಡಿದು, ಭಾರತದ ಅಕ್ಕಿಯ ನೆರವು ಶೇ 70ಕ್ಕೂ ಹೆಚ್ಚು ಎಂದು ವಾದಿಸಿದ್ದು ಇದೇ ದಾರಿಯಲ್ಲಿ. ಎರಡೂ ಕಡೆಯವರ ಅಂಕಿಗಳು ಅಷ್ಟು ದೂರ ಯಾಕೆ ಎಂಬ ಪ್ರಶ್ನೆ ಬಂದರೆ ಕರೆನ್ಸಿ, ಪ್ರಮಾಣ ಈ ಎರಡನ್ನು ಬರೆಯಿರಿ, ಸಾಕು.

ಬಜೆಟ್ ಬೇಕಾಗಿಲ್ಲ ಎಂದೆನಲ್ಲ, ಅದಕ್ಕೆ ಕಬ್ಬಿಗಿಂತ ಒಳ್ಳೆಯ ಉದಾಹರಣೆ ಸಿಗದು. ಮಂಡ್ಯವಿರಲಿ, ಬೆಳಗಾವಿಯಿರಲಿ, ಕೇಂದ್ರ ನಿಗದಿ ಮಾಡುವ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ದರವನ್ನು ರೈತನಿಗೆ ಕೊಡಬೇಕಾದ್ದು ಸಕ್ಕರೆ ಕಾರ್ಖಾನೆ. 2018–19ರಲ್ಲಿ ಅದು ಶೇ 10ರ ಸಕ್ಕರೆ ಇಳುವರಿಗೆ ಕ್ವಿಂಟಾಲ್‌ಗೆ 275 ರೂಪಾಯಿ. ಸರ್ಕಾರ ಕಬ್ಬು ಕೊಳ್ಳುವುದಿಲ್ಲ, ಹಾಗಾಗಿ ನೆರವಿನ ಪ್ರಶ್ನೆಯೇ ಇಲ್ಲ ಎಂದು ಭಾರತ ವಾದಿಸಿತು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ ವ್ಯಾಜ್ಯದಲ್ಲಿ 2021ರ ಡಿಸೆಂಬರ್‌ನಲ್ಲಿ ಡಬ್ಲ್ಯುಟಿಒದ ವ್ಯಾಜ್ಯ ಸಮಿತಿ ಆ ವಾದವನ್ನು ಒಪ್ಪಲಿಲ್ಲ. ಬೆಲೆ ಕಡ್ಡಾಯ ಮಾಡಿದ್ದು ಸರ್ಕಾರ. ಹಣ ಯಾರ ಜೇಬಿನಿಂದ ಬಂತು ಎಂಬುದು ಸೂತ್ರಕ್ಕೆ ಸಂಬಂಧಿಸಿದ್ದಲ್ಲ. ಕಾರ್ಖಾನೆಯ ಬಾಕಿಗಾಗಿ ಕಾಯುವ ಬೆಳೆಗಾರ ಜಿನೀವಾದ ಡಬ್ಲ್ಯುಟಿಒ ಕಡತದಲ್ಲಿ ಸಬ್ಸಿಡಿ ಪಡೆದವನಾಗಿರುತ್ತಾನೆ. ಭಾರತ ಮೇಲ್ಮನವಿ ಹಾಕಿದೆ. ಆದರೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದದ್ದರಿಂದ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದ ಕೋರಂ ಇಲ್ಲದೆ ಕೂತಿದೆ.

ಇದಕ್ಕೆ ತದ್ವಿರುದ್ಧ ಜಪಾನ್. 1990ರ ದಶಕದ ಕೊನೆಗೆ ಅದು ಅಕ್ಕಿಗೆ ಸರ್ಕಾರಿ ದರ ಘೋಷಿಸುವುದನ್ನು ನಿಲ್ಲಿಸಿತು. ಆಮದು ಸುಂಕ ಎತ್ತರದಲ್ಲೇ ಇದ್ದುದರಿಂದ ಒಳಗಿನ ಬೆಲೆ ವಿಶ್ವ ಬೆಲೆಗಿಂತ ಬಹಳ ಮೇಲೆಯೇ ಉಳಿಯಿತು. ಆದರೂ ಕಾಗದದ ಮೇಲೆ ಅದರ ಅಂಬರ್ ನೆರವು ಒಮ್ಮೆಲೇ ಇಳಿಯಿತು.

ಶಾಂತಿ ಷರತ್ತು: 2013ರ ಡಿಸೆಂಬರ್‌ನಲ್ಲಿ ಬಾಲಿಯಲ್ಲಿ ಒಪ್ಪಿದ್ದು. ಆಹಾರ ಭದ್ರತೆಗಾಗಿ ಧಾನ್ಯ ದಾಸ್ತಾನು ಮಾಡುವಾಗ ಮಿತಿ ದಾಟಿದರೂ ವ್ಯಾಜ್ಯ ಹೂಡುವಂತಿಲ್ಲ. ಆದರೆ ಅದಕ್ಕೆ ಕರಾರುಗಳಿವೆ: ಯೋಜನೆ ಆಗಲೇ ಜಾರಿಯಲ್ಲಿರಬೇಕು, ಮಾಹಿತಿ ಸಲ್ಲಿಸಬೇಕು, ದಾಸ್ತಾನಿನಿಂದ ಬೇರೆಯವರ ವ್ಯಾಪಾರ ಕೆಡಬಾರದು. ಶಾಶ್ವತ ಪರಿಹಾರ ಸಿಗುವವರೆಗೆ ಇದು ಮುಂದುವರಿಯುತ್ತದೆ ಎಂದು 2014ರ ನವೆಂಬರ್‌ನಲ್ಲಿ ಖಚಿತವಾಯಿತು. ಮೇಲಿನ 11.46ರ ಲೆಕ್ಕಕ್ಕೆ ಭಾರತ ಇದನ್ನೇ ಮೊದಲ ಬಾರಿಗೆ ಬಳಸಿದ್ದು, 2020ರಲ್ಲಿ. ಕಬ್ಬಿಗೆ ಇದು ಅನ್ವಯಿಸುವುದಿಲ್ಲ. ಅದು ಪಡಿತರಕ್ಕೆ ಕೂಡಿಡುವ ಆಹಾರ ಬೆಳೆಯಲ್ಲ. ಶಾಶ್ವತ ಪರಿಹಾರ 2024ರ ಅಬುಧಾಬಿ ಸಭೆಯಲ್ಲೂ ಸಿಗಲಿಲ್ಲ.