ಸ್ಮೈಲಿ ಚೆಂಡು ಮತ್ತು ಅವರೆಕಾಳು

ಸ್ಟ್ರೋಕ್ ಆದವರ ಮನೆಗೆ ಮೊದಲ ಸಲ ಹೋದಾಗ ನನ್ನ ಕಣ್ಣು ಎರಡು ವಸ್ತು ಹುಡುಕುತ್ತದೆ. ದಿಂಬಿನ ಪಕ್ಕ ಒಂದು ಹಳದಿ ಸ್ಪಂಜಿನ ಚೆಂಡು, ಅದರ ಮೇಲೆ ನಗುಮುಖ. ಬಾಗಿಲ ಚೌಕಟ್ಟಿಗೆ ಒಂದು ರಾಟೆ, ಅದರಿಂದ ಇಳಿಬಿದ್ದ ಹಗ್ಗ. ರಾಟೆ ಕೆಲವು ಮನೆಗಳಲ್ಲಿ ಮಾತ್ರ. ಚೆಂಡು ಎಲ್ಲೆಲ್ಲೂ ಇದ್ದೇ ಇರುತ್ತದೆ. ಯಾರು ಹೇಳಿದರು ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಪಕ್ಕದ ಮನೆಯವರೋ, ಮೆಡಿಕಲ್ ಶಾಪಿನವರೋ, ಮೊಬೈಲಿಗೆ ಬಂದ ವಿಡಿಯೋನೋ. ಅಂತೂ ಆಸ್ಪತ್ರೆಯಿಂದ ಬಂದ ಮಾರನೇ ದಿನ ಕೈಗೆ ಚೆಂಡು ಬಂದಿರುತ್ತದೆ.

ನಾನು ಫಿಸಿಯೋಥೆರಪಿಸ್ಟ್. ತುಮಕೂರು ಕಡೆಯ ಊರುಗಳಲ್ಲಿ ಮನೆಮನೆಗೆ ಹೋಗಿ ಕೆಲಸ ಮಾಡುತ್ತೇನೆ. ಆ ಚೆಂಡಿನ ಮೇಲೆ ನನಗೆ ಹಳೇ ಸಿಟ್ಟು.

ಯಾಕೆ ಅಂತ ಹೇಳುತ್ತೇನೆ. ಲಕ್ವ ಹೊಡೆದ ಕೈ ಶುರುವಿನಲ್ಲಿ ಸೋತು ಜೋತು ಬಿದ್ದಿರುತ್ತದೆ. ಕೆಲವು ವಾರ ಕಳೆದ ಮೇಲೆ ತುಂಬಾ ಜನರಲ್ಲಿ ಬಿಗಿತ ಬರುತ್ತದೆ. ಬೆರಳು ಮಡಚುವ ಸ್ನಾಯುಗಳು ಬಿಗಿಯಾಗುತ್ತವೆ, ಬಿಡಿಸುವವು ಸೋಲುತ್ತವೆ. ಮುಷ್ಟಿ ತಾನೇ ಮುಚ್ಚಿಕೊಳ್ಳುತ್ತದೆ. ಅಂಥ ಕೈಗೆ ಕಷ್ಟ ಇರುವುದು ತೆರೆಯುವುದರಲ್ಲಿ. ನಾವು ಕೊಡುವುದು ಹಿಸುಕುವ ಕೆಲಸ! ಹಿಡಿತವೇ ಇಲ್ಲದೆ ಸೋತ ಕೈಗೆ ಚೆಂಡು ಸ್ವಲ್ಪ ಉಪಯೋಗಕ್ಕೆ ಬರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ತಕರಾರು ಬೇರೆ. ಚೆಂಡು ಹಿಸುಕಿದರೆ ಏನೂ ಆಗುವುದಿಲ್ಲ. ಕಾಫಿ ಬಾಯಿಗೆ ಬರುವುದಿಲ್ಲ, ಗುಂಡಿ ಬಿಚ್ಚುವುದಿಲ್ಲ. ಕೈ ಸುಮ್ನೆ ಹಿಸುಕುತ್ತದೆ, ಮನಸ್ಸು ಟೀವಿ ನೋಡುತ್ತದೆ.

ಕಳೆದ ಡಿಸೆಂಬರಿನಲ್ಲಿ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಬಲಗಡೆ ಬಿದ್ದುಹೋಗಿ ಎರಡು ತಿಂಗಳಾಗಿತ್ತು. ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದರು, ಮಾತು ಚೆನ್ನಾಗಿತ್ತು. "ಕೈ ಮಾತ್ರ ಸ್ವಾಧೀನಕ್ಕೆ ಬಂದಿಲ್ಲ ಮೇಡಂ, ಕರೆಂಟ್ ಇಡ್ತೀರಾ?" ಅಂತ ಮಗ ಕೇಳಿದರು. ಕರೆಂಟ್ ಅಂದರೆ ಯಂತ್ರದಿಂದ ಸ್ನಾಯುವಿಗೆ ಕೊಡುವ ಸಣ್ಣ ವಿದ್ಯುತ್. ನಾನು ಕೈ ನೋಡಿದೆ. ಮಣಿಕಟ್ಟು ಸ್ವಲ್ಪ ಎತ್ತುತ್ತಿದ್ದರು. ಹೆಬ್ಬೆರಳೂ ತೋರುಬೆರಳೂ ತಡವರಿಸಿಕೊಂಡು ಒಂದನ್ನೊಂದು ಮುಟ್ಟುತ್ತಿದ್ದವು. ಇಷ್ಟಿದ್ದರೆ ನನ್ನ ಲೆಕ್ಕದಲ್ಲಿ ದೊಡ್ಡ ಆಸ್ತಿ.

ಆದರೆ ಆ ಕೈಗೆ ಕೆಲಸವೇ ಇರಲಿಲ್ಲ. ಊಟ ಸೊಸೆ ತಿನ್ನಿಸುತ್ತಿದ್ದರು. ತಲೆ ಬಾಚುವುದು ಮಗಳು ಬಂದಾಗ ಮಗಳು, ಇಲ್ಲದಿದ್ದರೆ ಮೊಮ್ಮಗಳು. ನೀರಿನ ಲೋಟ ಎಡಗೈಗೆ ಸಿಗುವ ಹಾಗೆ. ಅಜ್ಜಿ ಸೆರಗು ಸರಿ ಮಾಡಿಕೊಳ್ಳಲು ಹೋದರೂ ಮೂರು ಕೈ ಓಡಿ ಬರುತ್ತಿದ್ದವು. ಪ್ರೀತಿಗೆ ಏನೂ ಕಮ್ಮಿ ಇರಲಿಲ್ಲ.

2004ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಜೂಲಿ ಬರ್ನ್‌ಹಾರ್ಟ್ ಮತ್ತವರ ಜೊತೆಗಾರರು ಒಂದು ಸರಳ ಕೆಲಸ ಮಾಡಿದರು. ಸ್ಟ್ರೋಕ್ ವಾರ್ಡಿನ ರೋಗಿಗಳನ್ನು ಹಗಲಿಡೀ ಹತ್ತು ಹತ್ತು ನಿಮಿಷಕ್ಕೊಮ್ಮೆ ನೋಡಿ, ಏನು ಮಾಡುತ್ತಿದ್ದಾರೆ ಅಂತ ಬರೆದುಕೊಂಡರು. ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಸಿಗೆಯಲ್ಲಿ. ಚೇತರಿಕೆಗೆ ನೆರವಾಗುವಂಥ ಓಡಾಟ, ಚಟುವಟಿಕೆ ಶೇ. 13ರಷ್ಟು ಹೊತ್ತು ಮಾತ್ರ. ಶೇ. 60ಕ್ಕೂ ಹೆಚ್ಚು ಹೊತ್ತು ಪಕ್ಕದಲ್ಲಿ ಯಾರೂ ಇಲ್ಲ. ಇದನ್ನು ಓದಿದಾಗ ನನಗೆ ನಮ್ಮ ಮನೆಗಳೇ ನೆನಪಾದವು. ನಮ್ಮಲ್ಲಿ ರೋಗಿ ಒಂಟಿಯಾಗಿ ಇರುವುದೇ ಇಲ್ಲ. ಮಂಚದ ಸುತ್ತ ಸದಾ ಜನ. ಆದರೂ ಕೈ ಮಾತ್ರ ಅಲ್ಲಿನಷ್ಟೇ ಖಾಲಿ, ಯಾಕಂದರೆ ಅದರ ಕೆಲಸವನ್ನೆಲ್ಲ ಬೇರೆಯವರು ಹಂಚಿಕೊಂಡಿರುತ್ತಾರೆ.

ಖಾಲಿ ಕೂತ ಕೈಗೆ ಏನಾಗುತ್ತದೆ? ಅಮೆರಿಕದ ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ಮಂಗಗಳ ಒಂದು ಕೈಯಿಂದ ಸ್ಪರ್ಶ ಒಯ್ಯುವ ನರಗಳನ್ನಷ್ಟೇ ಕತ್ತರಿಸಿ ನೋಡಿದ್ದರು. ಮಂಗ ಆ ಕೈ ಬಳಸುವುದನ್ನೇ ಬಿಟ್ಟಿತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದಾಗ ಬಿಟ್ಟ ಕೈ ಮತ್ತೆ ಕೆಲಸಕ್ಕೆ ಬಂತು! ಅಂದರೆ ಆ ಕೈಗೆ ಶಕ್ತಿ ಇತ್ತು. ನಾಲ್ಕು ಸಲ ಯತ್ನಿಸಿ, ಆಗದೆ, ಬಳಸದೇ ಇರುವುದನ್ನು ಮಂಗ ಕಲಿತುಬಿಟ್ಟಿತ್ತು. (ಆ ಮಂಗಗಳನ್ನು ಇಟ್ಟುಕೊಂಡಿದ್ದ ರೀತಿಗಾಗಿ 1981ರಲ್ಲಿ ಟಾಬ್ ಲ್ಯಾಬಿಗೆ ಪೊಲೀಸರು ಬಂದರು, ದೊಡ್ಡ ರಂಪವಾಯಿತು. ಆ ಜಗಳದಲ್ಲಿ ನಾನು ಮಂಗಗಳ ಕಡೆ. ಆದರೂ ಅಲ್ಲಿ ಸಿಕ್ಕ ಪಾಠವನ್ನು ದಿನಾ ಬಳಸುತ್ತೇನೆ.)

ಇದೇ ಯೋಚನೆಯನ್ನು ಮನುಷ್ಯರ ಮೇಲೆ ದೊಡ್ಡದಾಗಿ ಪರೀಕ್ಷಿಸಿದ್ದು ಎಕ್ಸೈಟ್ ಎಂಬ ಅಧ್ಯಯನ. ಫಲಿತಾಂಶ ಬಂದದ್ದು 2006ರಲ್ಲಿ. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿದ್ದ 222 ಜನ ಅದರಲ್ಲಿದ್ದರು. ಒಂದು ಗುಂಪಿನವರು ಎರಡು ವಾರ, ಎಚ್ಚರವಿದ್ದ ಹೊತ್ತಿನಲ್ಲಿ ಬಹುಪಾಲು ಒಳ್ಳೆಯ ಕೈಗೆ ಕೈಗವಸು ತೊಟ್ಟುಕೊಂಡು ಸೋತ ಕೈಯಲ್ಲೇ ಕೆಲಸ ಮಾಡಬೇಕಿತ್ತು. ಅವರ ಕೈ ಸುಧಾರಿಸಿತು, ಒಂದು ವರ್ಷದ ಮೇಲೂ ಆ ಲಾಭ ಉಳಿದಿತ್ತು. ಒಂದು ಷರತ್ತು: ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲೆ ಎತ್ತಲು ಬರಬೇಕು. ಪೂರ್ತಿ ಅಲುಗಾಡದ ಕೈಗೆ ಇದು ಆಗುವುದಿಲ್ಲ. ಅಂಥವರ ಒಳ್ಳೆಯ ಕೈಯನ್ನೂ ಕಟ್ಟಿಹಾಕಿ ಹಿಂಸೆ ಕೊಡಬೇಡಿ.

ಇನ್ನು ಎಷ್ಟು ಸಲ ಮಾಡಬೇಕು ಅನ್ನುವುದು. ಅಮೆರಿಕದ ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ತಂಡ 2009ರಲ್ಲಿ 312 ಥೆರಪಿ ಸೆಷನ್‌ಗಳನ್ನು ಪಕ್ಕದಲ್ಲಿ ಕೂತು ಎಣಿಸಿತು. ಕೈಗೆ ನಿಜವಾದ ಕೆಲಸ ಕೊಟ್ಟದ್ದು ಕೈ ಸೆಷನ್‌ಗಳ ಪೈಕಿ ಅರ್ಧದಲ್ಲಿ ಮಾತ್ರ. ಅದೂ ಒಂದು ಸೆಷನ್‌ಗೆ ಸರಾಸರಿ 32 ಸಲ. ಪ್ರಾಣಿಗಳ ಮೆದುಳು ಬದಲಾದದ್ದನ್ನು ತೋರಿಸಿದ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಮಾಡಿಸಿದ್ದರು. ನಮ್ಮ ಕಸುಬಿನವರಿಗೆ ನಾಚಿಕೆಯಾಗಬೇಕಾದ ಲೆಕ್ಕ ಇದು, ನನ್ನನ್ನೂ ಸೇರಿಸಿಕೊಂಡು. ಮುಕ್ಕಾಲು ಗಂಟೆ ಬಂದು, ಹದಿನೈದು ನಿಮಿಷ ಕರೆಂಟ್ ಇಟ್ಟು, ಹತ್ತು ನಿಮಿಷ ಕೈ ಆಡಿಸಿ, ಉಳಿದ ಹೊತ್ತು ಮನೆಯವರ ಜೊತೆ ಮಾತಾಡಿ ಎದ್ದು ಬಂದ ದಿನಗಳು ನನಗೂ ಇವೆ.

ಅಜ್ಜಿ ಮನೆಯಲ್ಲಿ ಅವತ್ತು ಅಡುಗೆಮನೆಯಿಂದ ಸೊಗಡು ಬರುತ್ತಿತ್ತು. ಅವರೆಕಾಯಿ ಕಾಲ. ರಾತ್ರಿ ನೆನೆಹಾಕಿದ ಕಾಳು ದೊಡ್ಡ ಪಾತ್ರೆಯಲ್ಲಿತ್ತು, ಸೊಸೆ ಹಿತಕಲು ಕೂತಿದ್ದರು. ನೋಡುತ್ತಾ ನಿಂತೆ. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯಬೇಕು. ಹದವಾಗಿ ಒತ್ತಬೇಕು. ಒಳಗಿನ ಬೇಳೆ ಪುಳಕ್ ಅಂತ ಬಟ್ಟಲಿಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಜಾಸ್ತಿ ಒತ್ತಿದರೆ ಕಾಳು ಕಣ್ಣಿಗೆ ಹಾರುತ್ತದೆ, ಕಮ್ಮಿಯಾದರೆ ಜಾರುತ್ತದೆ. ಆಮೇಲೆ ಬೆರಳು ಬಿಡಿಸಿ ಸಿಪ್ಪೆ ಉದುರಿಸಬೇಕು. ಹಿಡಿ, ಒತ್ತು, ಬಿಡಿಸು. ಚೆಂಡಿನಲ್ಲಿ ಇಲ್ಲದ್ದು ಆ ಮೂರನೆಯದು. ಒಂದು ಬಟ್ಟಲಿನಲ್ಲಿ ನೂರಕ್ಕೂ ಹೆಚ್ಚು ಕಾಳು!

"ಅಜ್ಜಿ, ನಾಳೆಯಿಂದ ಒಂದು ಬಟ್ಟಲು ನಿಮ್ಮದು. ಬಲಗೈಯಲ್ಲೇ," ಅಂದೆ. "ಅಯ್ಯೋ ಅತ್ತೆ ಕೈಲಿ ಕೆಲ್ಸ ಮಾಡಿಸ್ಬೇಕಾ, ನೋಡಿದೋರು ಏನಂತಾರೆ?" ಅಂತ ಸೊಸೆ ಗಾಬರಿಯಾದರು. ಅವರ ಭಯ ಸುಳ್ಳಲ್ಲ. ಕಾಯಿಲೆಯವರ ಕೈಲಿ ಕೆಲಸ ಮಾಡಿಸುವ ಸೊಸೆಗೆ ನಮ್ಮ ಊರುಗಳಲ್ಲಿ ಎಂಥ ಹೆಸರು ಬರುತ್ತದೆ ಅಂತ ನಮಗೆಲ್ಲ ಗೊತ್ತು ಅಲ್ವಾ? ಕೊನೆಗೆ ನಾನು ಲೆಟರ್‌ಹೆಡ್ಡಿನಲ್ಲಿ 'ಅವರೆಕಾಳು, ದಿನಕ್ಕೆ ಎರಡು ಸಲ' ಅಂತ ಬರೆದುಕೊಟ್ಟೆ. ಯಾರಾದರೂ ಕೇಳಿದರೆ ಚೀಟಿ ತೋರಿಸಿ ಅಂದೆ.

ಮೂರು ದಿನ ಬಿಟ್ಟು ಹೋದೆ. ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ ಅಂತ ಅಜ್ಜಿ ಹೆಮ್ಮೆಯಿಂದ ಹೇಳಿದರು. ನನಗೆ ಅನುಮಾನ. ಮೊಮ್ಮಗಳು ಹಿಂದಿನಿಂದ ಎಡಗೈ ಎತ್ತಿ ತೋರಿಸಿದಳು. ಅಜ್ಜಿ ಬೇಕಂತ ಮೋಸ ಮಾಡಿರಲಿಲ್ಲ. ಎಡಗೈ ತಾನೇ ಮುಂದೆ ಬಂದಿತ್ತು. ಟಾಬ್ ಮಂಗಗಳಲ್ಲಿ ಕಂಡದ್ದೇ ನಮ್ಮ ಅಡುಗೆಮನೆಯಲ್ಲಿ ಕಂಡಂತಾಯಿತು. ಅವತ್ತಿನಿಂದ ಕಾಳು ಹಿತಕುವಾಗ ಎಡಗೈಗೆ ಹಳೇ ಕಾಲುಚೀಲ ಹಾಕಿಕೊಂಡು ಕೂರುವುದು ಅಂತ ಆಯಿತು. ಮೊದಲ ದಿನ ಇಪ್ಪತ್ತು ಕಾಳಿಗೆ ಸುಸ್ತಾದರು, ಅರ್ಧ ನೆಲಕ್ಕೆ. ಅವರೆ ಕಾಲ ಮುಗಿಯುವ ಹೊತ್ತಿಗೆ ಬಟ್ಟಲು ತುಂಬಿಸುತ್ತಿದ್ದರು, ಸೀರಿಯಲ್ ಮುಗಿಯುವಷ್ಟು ಹೊತ್ತು ಹಿಡಿದರೂ.

ಬಟ್ಟಲು ಹೆಚ್ಚಿಸಿದಷ್ಟೂ ಕೈ ಸರಿಹೋಗುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ಲ್ಯಾಂಗ್ ತಂಡವೇ 2016ರಲ್ಲಿ, ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದ 85 ಜನರಲ್ಲಿ ಒಟ್ಟು 3200, 6400, 9600 ಸಲ ಅಂತ ಬೇರೆ ಬೇರೆ ಪ್ರಮಾಣ ಕೊಟ್ಟು ನೋಡಿತು. ಪ್ರಮಾಣ ಏರಿದ ಹಾಗೆ ಲಾಭ ಏರಲಿಲ್ಲ. ಯಾವಾಗ ಮಾಡುತ್ತೇವೆ ಅನ್ನುವುದೂ ಮುಖ್ಯ ಅಂತ 2021ರ ಇನ್ನೊಂದು ಅಧ್ಯಯನ ಹೇಳಿತು. 72 ಜನರಿಗೆ, ಮಾಮೂಲಿ ಥೆರಪಿ ಜೊತೆ 20 ಗಂಟೆ ಹೆಚ್ಚುವರಿ ಕೈ ತರಬೇತಿಯನ್ನು ಬೇರೆ ಬೇರೆ ಸಮಯದಲ್ಲಿ ಕೊಟ್ಟಾಗ, ಸ್ಟ್ರೋಕ್ ಆಗಿ ಎರಡು-ಮೂರು ತಿಂಗಳ ನಡುವೆ ಕೊಟ್ಟವರಿಗೆ ಜಾಸ್ತಿ ಲಾಭ. ಅಜ್ಜಿಯ ಅವರೆ ಕಾಲ ಸರಿಯಾದ ಹೊತ್ತಿಗೆ ಬಂದಿತ್ತು, ಅದು ಅವರ ಅದೃಷ್ಟ.

"ಆರು ತಿಂಗಳಾಯ್ತು, ಇನ್ನು ಮುಗೀತು" ಅಂತ ಕೈಚೆಲ್ಲುವವರಿಗೂ ಒಂದು ಮಾತು. ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ ಮೂರು ವಾರದಲ್ಲಿ 90 ಗಂಟೆ ಕೈ ತರಬೇತಿ ಕೊಡುತ್ತಾರೆ. ಅಲ್ಲಿಗೆ ಬಂದ 224 ಜನರ ವರದಿ 2019ರಲ್ಲಿ ಬಂತು. ಅವರಲ್ಲಿ ಅರ್ಧ ಜನಕ್ಕೆ ಸ್ಟ್ರೋಕ್ ಆಗಿ ಒಂದೂವರೆ ವರ್ಷ ದಾಟಿತ್ತು. ಆದರೂ ಕೈ ಗಣನೀಯವಾಗಿ ಸುಧಾರಿಸಿತು. ಹಾಗಂತ ಮೊದಲ ದಿನವೇ ಎಬ್ಬಿಸಿ ಓಡಾಡಿಸಬೇಡಿ. 2104 ಜನರ ಅವರ್ಟ್ ಅಧ್ಯಯನದಲ್ಲಿ, 24 ಗಂಟೆಯೊಳಗೆ ಎಬ್ಬಿಸಿ ಪದೇ ಪದೇ ನಡೆಸಿದವರ ಸ್ಥಿತಿ ಮೂರು ತಿಂಗಳ ಮೇಲೆ ನೋಡಿದಾಗ ಉಳಿದವರಿಗಿಂತ ಸ್ವಲ್ಪ ಕೆಟ್ಟದಾಗಿತ್ತು. ಮೆಲ್ಬರ್ನ್ ವಾರ್ಡಿನಲ್ಲಿ ಎಣಿಸಿದ ಅದೇ ಬರ್ನ್‌ಹಾರ್ಟ್ ಇದನ್ನೂ ನಡೆಸಿದ್ದು. ತಮ್ಮ ನಂಬಿಕೆಗೆ ವಿರುದ್ಧ ಬಂದ ಉತ್ತರವನ್ನು ಹಾಗೇ ಪ್ರಕಟಿಸಿದರು.

ನಮ್ಮ ದೇಶದ್ದೂ ಒಂದು ದೊಡ್ಡ ಅಧ್ಯಯನ ಇದೆ, ಅಟೆಂಡ್ ಅಂತ. 14 ಆಸ್ಪತ್ರೆ, 1250 ರೋಗಿಗಳು. ಮನೆಯವರಿಗೇ ವ್ಯಾಯಾಮ ಕಲಿಸಿ, ಮನೆಯಲ್ಲೇ ಮಾಡಿಸಿದರೆ ಹೇಗೆ ಅಂತ ನೋಡಿದರು. 2017ರಲ್ಲಿ ಬಂದ ಉತ್ತರ ನಿರಾಸೆಯದ್ದು. ಆರು ತಿಂಗಳ ಮೇಲೆ ತೀರಿಕೊಂಡವರು ಅಥವಾ ಇನ್ನೊಬ್ಬರನ್ನು ನೆಚ್ಚಿಕೊಂಡೇ ಇದ್ದವರು, ಹಾಗೆ ಮಾಡಿಸಿದ ಗುಂಪಿನಲ್ಲೂ ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲೂ ಶೇ. 47. ಮನೆಯವರಿಗೆ ಹೇಳಿಕೊಟ್ಟು ಕೈತೊಳೆದುಕೊಂಡರೆ ಸಾಲದು ಅಂತ ನಾನು ಇದನ್ನು ಓದಿಕೊಂಡೆ. ನನ್ನ ಅನುಭವದಲ್ಲಿ ಮನೆಯವರು ವ್ಯಾಯಾಮವನ್ನು ಬೆಳಿಗ್ಗೆ ಅರ್ಧ ಗಂಟೆ ಶ್ರದ್ಧೆಯಿಂದ ಮಾಡಿಸುತ್ತಾರೆ, ಪೂಜೆಯ ಹಾಗೆ. ಉಳಿದ ಹದಿನೈದು ಗಂಟೆ ಎಲ್ಲವನ್ನೂ ತಾವೇ ಮಾಡಿಕೊಡುತ್ತಾರೆ. ಆ ಹದಿನೈದು ಗಂಟೆಯದ್ದೇ ನನ್ನ ಜಗಳ.

ಈಗ ರಾಟೆ. ಅದರ ಕಥೆ ಹೇಳಲು ನನಗೆ ಸಂಕೋಚ, ಯಾಕಂದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಗೆ ಅದನ್ನು ಹಾಕಿಸಿದ್ದು ನಾನೇ. ಒಳ್ಳೆಯ ಕೈಯಿಂದ ಹಗ್ಗ ಎಳೆದರೆ ಸೋತ ಕೈ ಬಾವಿಯಿಂದ ಸೇದುವ ಬಿಂದಿಗೆಯ ಹಾಗೆ ಮೇಲೇರುತ್ತದೆ. ನೋಡಲು ಚೆನ್ನ. ಎರಡು ವಾರದಲ್ಲಿ ಆ ಯಜಮಾನರಿಗೆ ರಾತ್ರಿ ನಿದ್ದೆ ಬರದಷ್ಟು ಭುಜ ನೋವು. ಸ್ಟ್ರೋಕ್ ಆದ ಭುಜದಲ್ಲಿ ಕೀಲನ್ನು ಹಿಡಿದಿಡುವ ಸ್ನಾಯು ಸೋತಿರುತ್ತದೆ. ಕೆಲವರಲ್ಲಿ ಭುಜದ ತುದಿ ಕೆಳಗೆ ಒಂದು ಬೆರಳು ತೂರುವಷ್ಟು ಸಂದು ಇರುತ್ತದೆ. ಅಂಥ ಕೀಲನ್ನು ಹಗ್ಗ ಕಟ್ಟಿ ಎಳೆದರೆ ಏನಾಗಬೇಕು? 1990ರ ಒಂದು ಪುಟ್ಟ ಅಧ್ಯಯನ, 28 ಜನರದ್ದು. ರಾಟೆ ಬಳಸಿದವರಲ್ಲಿ ಶೇ. 62 ಜನಕ್ಕೆ ಭುಜ ನೋವು ಬಂತು, ಥೆರಪಿಸ್ಟ್ ಕೈಯಿಂದ ಆಡಿಸಿದವರಲ್ಲಿ ಶೇ. 8. ನಾನು ಅದನ್ನು ಓದಿದ್ದು ಆ ಯಜಮಾನರ ಭುಜ ಕೆಟ್ಟ ಮೇಲೆ. ಕೈ ಹಿಡಿದು ಜಗ್ಗಿ ಎಬ್ಬಿಸುವುದೂ ಇದೇ ಜಾತಿಗೆ ಸೇರಿದ್ದು. ಸೊಂಟ ಹಿಡಿದು ಎಬ್ಬಿಸಿ.

ಗಂಟಲಿನ ವಿಷಯ. ಸ್ಟ್ರೋಕ್ ಆದವರಿಗೆ ನುಂಗುವುದು ತಪ್ಪಬಹುದು. ನುಂಗುವ ಪರೀಕ್ಷೆ ಮಾಡದೆ ಎಳನೀರು, ಗಂಜಿ, ತೀರ್ಥ ಏನನ್ನೂ ಬಾಯಿಗೆ ಹಾಕಬಾರದು. ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಕುಡಿದ ಮೇಲೆ ಕೆಮ್ಮಿದರೆ, ದನಿ ಗೊರಗೊರ ಅಂದರೆ ಅಲ್ಲೇ ನಿಲ್ಲಿಸಿ. ಪಾರಿವಾಳದ ರಕ್ತ ಹಚ್ಚುವುದರ ಬಗ್ಗೆ ಈಗಲೂ ಕೇಳುತ್ತಾರೆ. ಪಾರಿವಾಳಕ್ಕೂ ನಷ್ಟ, ರೋಗಿಗೂ ನಷ್ಟ. ಬಾಯಿ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದಾಗ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆ. ಅದರಲ್ಲಿ ಎರಡು ಗಂಟೆ ಪಾರಿವಾಳ ಹುಡುಕುವುದರಲ್ಲೇ ಹೋಗುತ್ತದೆ.

ಮನಸ್ಸು ಕುಗ್ಗುವುದು ಇನ್ನೊಂದು. ಸುಮಾರು ಮೂವರಲ್ಲಿ ಒಬ್ಬರಿಗೆ ಸ್ಟ್ರೋಕ್ ಆದ ಮೇಲೆ ಖಿನ್ನತೆ ಬರುತ್ತದೆ. ಮನೆಯವರು ಅದನ್ನು ಹಟ, ಸೋಮಾರಿತನ ಅನ್ನುತ್ತಾರೆ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಮಾತ್ರೆ ಕೈಕಾಲನ್ನೂ ಸರಿ ಮಾಡೀತು ಅಂತ ಒಂದು ಕಾಲಕ್ಕೆ ಆಸೆ ಇತ್ತು. 2018ರಲ್ಲಿ ಬ್ರಿಟನ್ನಿನ 3127 ಜನರ ಅಧ್ಯಯನ ಆ ಆಸೆ ಮುಗಿಸಿತು. ಖಿನ್ನತೆ ಕಮ್ಮಿಯಾಯಿತು, ಕೈಕಾಲಿಗೆ ಲಾಭ ಇಲ್ಲ, ಮೂಳೆ ಮುರಿತ ಜಾಸ್ತಿಯಾಯಿತು. ಬಿದ್ದೇ ಬೀಳುವ ಜನರಿಗೆ ಅದು ಸಣ್ಣ ಮಾತಲ್ಲ.

ಇಷ್ಟೆಲ್ಲ ಕಷ್ಟಪಟ್ಟು ತಂದ ಕೈಯನ್ನು ಎರಡನೇ ಸ್ಟ್ರೋಕ್ ಒಂದೇ ರಾತ್ರಿಯಲ್ಲಿ ಕಿತ್ತುಕೊಳ್ಳಬಹುದು. ಅಜ್ಜಿಯ ಮನೆಯಲ್ಲಿ ಫೆಬ್ರವರಿಯಲ್ಲಿ ಅದರ ಸುಳಿವು ಸಿಕ್ಕಿತು. ಕಿಟಕಿ ಮೇಲಿದ್ದ ಬಿಪಿ ಮಾತ್ರೆಯ ಸ್ಟ್ರಿಪ್ಪಿನಲ್ಲಿ ಮೂರೇ ಖಾಲಿ. "ಚೆಕ್ ಮಾಡಿಸಿದ್ವಿ, ಬಿಪಿ ನಾರ್ಮಲ್ ಬಂತು, ಅದ್ಕೇ ನಿಲ್ಲಿಸಿದ್ವಿ," ಅಂದರು ಮಗ. ನಾರ್ಮಲ್ ಬಂದದ್ದು ಮಾತ್ರೆಯಿಂದ. 2001ರಲ್ಲಿ ಮುಗಿದ ಪ್ರೋಗ್ರೆಸ್ ಅಧ್ಯಯನದಲ್ಲಿ, ಒಮ್ಮೆ ಸ್ಟ್ರೋಕ್ ಅಥವಾ ಅದರ ಮುನ್ಸೂಚನೆ ಬಂದುಹೋದ 6105 ಜನರಿದ್ದರು. ಬಿಪಿ ಇಳಿಸುವ ಮಾತ್ರೆ ತೆಗೆದುಕೊಂಡವರಲ್ಲಿ ಮತ್ತೆ ಸ್ಟ್ರೋಕ್ ಆಗುವುದು ಶೇ. 28ರಷ್ಟು ಕಮ್ಮಿಯಾಯಿತು. ಮೊದಲೇ ಬಿಪಿ ಜಾಸ್ತಿ ಇಲ್ಲದವರಿಗೂ ಲಾಭವಾಯಿತು. ಅದೇ ಸಂಜೆ ಮಗ ಡಾಕ್ಟರಿಗೆ ಫೋನ್ ಮಾಡಿ ಮತ್ತೆ ಶುರು ಮಾಡಿಸಿದರು.

ಸ್ಟ್ರಿಪ್ ಅಜ್ಜಿಯ ಕೈಗೆ ಕೊಟ್ಟೆ. ಅವರೆ ಕಾಲ ಮುಗಿದಿತ್ತಲ್ಲ, ಹೆಬ್ಬೆರಳಿಗೆ ಕೆಲಸ ಬೇಕಿತ್ತು. ಎಡಗೈಯಲ್ಲಿ ಸ್ಟ್ರಿಪ್ ಹಿಡಿದು ಬಲಗೈ ಹೆಬ್ಬೆರಳಿನಿಂದ ಒತ್ತಿದರು. ಕಾಳು ಹಿತಕಿದ ಹಾಗೇ. ಮಾತ್ರೆ ಪುಳಕ್ ಅಂತ ಹಾರಿ ಮಂಚದ ಕೆಳಗೆ ಹೋಯಿತು. ಮೊಮ್ಮಗಳು ಟಾರ್ಚ್ ಹಿಡಿದು ಹುಡುಕುತ್ತಿದ್ದರೆ ಅಜ್ಜಿ ಎರಡನೆಯದನ್ನು ಒತ್ತುತ್ತಿದ್ದರು, "ಇರು, ಇದು ಬಟ್ಟಲಿಗೇ ಬೀಳತ್ತೆ" ಅನ್ನುತ್ತಾ.