600 ಸೈನಿಕರ ಬೆಟಾಲಿಯನ್‌ಗೆ 24 ಗೊಂಬೆ ಸಾಕಾ?

ಓದುಗರ ಪ್ರಶ್ನೆ: ನೆಪೋಲಿಯನ್ ಕಾಲದ ಪುಟಾಣಿ ಸೈನಿಕರಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಯುದ್ಧ ಆಡುವ ಹವ್ಯಾಸ ಶುರು ಮಾಡಬೇಕು ಅಂತಿದ್ದೇನೆ. ಆಗಿನ ಒಂದು ಬೆಟಾಲಿಯನ್‌ನಲ್ಲಿ ಐದಾರು ನೂರು ಜನ ಇರುತ್ತಿದ್ದರು ಅಂತ ಓದಿದ್ದೇನೆ. ಆದರೆ ಆಡುವವರು ಮೇಜಿನ ಮೇಲೆ ಇಡುವುದು 24 ಗೊಂಬೆ. ಅಷ್ಟು ಸಾಕಾ? ಒಟ್ಟು ಎಷ್ಟು ಗೊಂಬೆಗೆ ಬಣ್ಣ ಹಚ್ಚಬೇಕಾಗುತ್ತೆ?

ಉತ್ತರ: ಸಾಕು. 28 ಮಿಲಿಮೀಟರ್ ಎತ್ತರದ ಗೊಂಬೆಗಳಾದರೆ 24 ತುಂಬಾ ಒಳ್ಳೆಯ ಸಂಖ್ಯೆ. ಆದರೆ ಹೊಸಬರು ಗೊಂಬೆಗಳನ್ನು ಮಾತ್ರ ಎಣಿಸುತ್ತಾರೆ, ಅವು ಎಷ್ಟು ಬೇಸ್‌ಗಳ (ಗೊಂಬೆಗಳನ್ನು ಅಂಟಿಸುವ ಪುಟ್ಟ ಹಲಗೆಗಳ) ಮೇಲೆ ನಿಂತಿವೆ ಅಂತ ನೋಡುವುದಿಲ್ಲ. ನನ್ನ ಪ್ರಕಾರ ಮೊದಲು ತೀರ್ಮಾನ ಮಾಡಬೇಕಾದದ್ದು ಬೇಸ್‌ಗಳ ಲೆಕ್ಕವನ್ನೇ.

ಜನರ ಲೆಕ್ಕ ಸರಿಯಾಗಿ ಹೊಂದಿಸುತ್ತೇನೆ ಅಂತ ಹೊರಟರೆ ಏನಾಗುತ್ತೆ ನೋಡಿ. 600 ಜನಕ್ಕೆ 24 ಗೊಂಬೆ ಅಂದರೆ ಒಂದು ಗೊಂಬೆ 25 ಜನಕ್ಕೆ ಸಮ. ನೆಪೋಲಿಯನ್ ಕೊನೆಯದಾಗಿ ಸೋತ 1815ರ ವಾಟರ್‌ಲೂ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಕಡೆ ಸುಮಾರು 68,000 ಜನ, ನೆಪೋಲಿಯನ್ ಕಡೆ ಸುಮಾರು 73,000 ಜನ. ಮಧ್ಯಾಹ್ನದ ಮೇಲೆ ಬಂದು ಸೇರಿದ ಪ್ರಷ್ಯನ್ನರನ್ನು ಬಿಟ್ಟರೂ 5,600ಕ್ಕೂ ಜಾಸ್ತಿ ಗೊಂಬೆ ಬೇಕು! ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಅಧಿಕಾರಿ ಇನ್ನೂ ಮುಂದೆ ಹೋಗಿ 70,000ಕ್ಕೂ ಜಾಸ್ತಿ ಲೋಹದ ಸೈನಿಕರನ್ನಿಟ್ಟು ವಾಟರ್‌ಲೂನ ಮಾದರಿ ಕಟ್ಟಿದ. 1838ರಲ್ಲಿ ಲಂಡನ್ನಿನ ಜನ ಅದನ್ನು ಮೊದಲ ಸಲ ನೋಡಿದರು. ಅಲ್ಲೂ ಒಂದು ಗೊಂಬೆ ಇಬ್ಬರಿಗೆ ಸಮ. 2019ರಲ್ಲಿ ಗ್ಲಾಸ್ಗೋದಲ್ಲಿ 28 ಮಿ.ಮೀ. ಗೊಂಬೆಗಳಲ್ಲೇ ಪೂರ್ತಿ ವಾಟರ್‌ಲೂ ಆಡಿದರು. ಅದಕ್ಕೆ 20,000ಕ್ಕೂ ಹೆಚ್ಚು ಗೊಂಬೆ ಬೇಕಾದವು. ಬಣ್ಣ ಹಚ್ಚಲು ಎಷ್ಟೋ ಜನ ಕೈ ಹಾಕಿದ್ದರು. ಮನೆಯಲ್ಲಿ ಒಬ್ಬರೇ ಕೂತು ಮಾಡುವ ಕೆಲಸ ಅದಲ್ಲ. ಮನೆಯ ಆಟಕ್ಕೆ ಬೇಕಾದದ್ದು ಬೆಟಾಲಿಯನ್ನಿನ ಥರ ನಡೆದುಕೊಳ್ಳುವ ಒಂದು ಗುಂಪು.

ನಡೆದುಕೊಳ್ಳುವುದು ಅಂದರೆ ಏನು? ಆ ಕಾಲದ ಕಾಲಾಳುಗಳಿಗೆ ಮೂರು ಮುಖ್ಯ ವ್ಯೂಹ ಇದ್ದವು. ಗುಂಡು ಹಾರಿಸಲು ಉದ್ದಕ್ಕೆ ಹರಡಿದ ಸಾಲು. ಬೇಗ ಮುಂದಕ್ಕೆ ಹೋಗಲು ಕಾಲಂ, ಅಂದರೆ ಒಂದರ ಹಿಂದೊಂದು ಕಂಪನಿ ನಿಲ್ಲುವುದು. ಕುದುರೆ ಸವಾರರು ಬಂದರೆ ನಾಲ್ಕೂ ಕಡೆ ಬಂದೂಕಿನ ಕತ್ತಿ ಚಾಚಿ ನಿಲ್ಲುವ ಚೌಕ. ಮೇಜಿನ ಮೇಲೆ ಈ ಮೂರೂ ಕಣ್ಣಿಗೆ ಕಾಣಬೇಕು. 24 ಗೊಂಬೆಯನ್ನು ಒಂದೇ ದೊಡ್ಡ ಹಲಗೆಗೆ ಅಂಟಿಸಿಬಿಟ್ಟರೆ ಯಾವುದೂ ಕಾಣುವುದಿಲ್ಲ.

ಅದಕ್ಕೇ ಫ್ರೆಂಚ್ ಸೇನೆಗೆ 6 ಬೇಸ್, ಒಂದೊಂದರ ಮೇಲೆ 4 ಗೊಂಬೆ ಅಂತ ಹೇಳುವುದು. ಈ 6 ಸುಮ್ನೆ ಬಂದದ್ದಲ್ಲ. 1808ರ ಫೆಬ್ರವರಿ 18ರ ಆಜ್ಞೆಯ ಪ್ರಕಾರ ಫ್ರೆಂಚ್ ಬೆಟಾಲಿಯನ್ನಿಗೆ 6 ಕಂಪನಿ: ಒಂದು ಗ್ರೆನೇಡಿಯರ್ (ಆಯ್ದ ಸೈನಿಕರು), ಒಂದು ವೋಲ್ಟಿಜರ್ (ಚುರುಕಿನ ಹಗುರ ಕಾಲಾಳು), ನಾಲ್ಕು ಫ್ಯೂಸಿಲಿಯರ್ (ಸಾಮಾನ್ಯ ಕಾಲಾಳು). ಕಾಗದದ ಮೇಲೆ ಕಂಪನಿಗೆ 140 ಜನ, ಒಟ್ಟು 840. ಯುದ್ಧಭೂಮಿಗೆ ಬರುವಾಗ ಕಾಯಿಲೆ, ಗಾಯ, ಓಡಿಹೋದವರು ಎಲ್ಲ ಕಳೆದು ಐದಾರು ನೂರು ಉಳಿಯುತ್ತಿದ್ದರು. ಒಂದು ಬೇಸ್ ಅಂದರೆ ಒಂದು ಕಂಪನಿ ಅಂದುಕೊಳ್ಳಿ. ಆರನ್ನೂ ಪಕ್ಕಪಕ್ಕ ಇಟ್ಟರೆ ಸಾಲು. ಎರಡೆರಡರಂತೆ ಮೂರು ಸಾಲಿಟ್ಟರೆ ಫ್ರೆಂಚರು ನಿಜವಾಗಿ ಬಳಸುತ್ತಿದ್ದ ಕಾಲಂ. ಬೇಸ್‌ಗಳನ್ನು ಹೊರಮುಖ ಮಾಡಿ ತಿರುಗಿಸಿದರೆ ಚೌಕ. ವ್ಯೂಹ ಬದಲಾದದ್ದು ಎದುರಿಗೆ ಕೂತವರಿಗೂ ತಕ್ಷಣ ಗೊತ್ತಾಗುತ್ತೆ.

ಬ್ರಿಟಿಷರ ಕಡೆ ಬಂದಾಗ ಈ ಲೆಕ್ಕ ಸ್ವಲ್ಪ ಎಡವುತ್ತೆ. ಅವರ ಬೆಟಾಲಿಯನ್ನಿನಲ್ಲಿ 10 ಕಂಪನಿ. ಅದಕ್ಕಿಂತ ದೊಡ್ಡ ವಿಷಯ, ಅವರು ಒಬ್ಬರ ಹಿಂದೊಬ್ಬರಂತೆ ಎರಡು ಸಾಲಾಗಿ ನಿಲ್ಲುತ್ತಿದ್ದರು, ಫ್ರೆಂಚರು ಮೂರು ಸಾಲು. ಒಬ್ಬ ಸೈನಿಕನಿಗೆ ಸುಮಾರು 22 ಇಂಚು ಅಗಲ ಹಿಡಿದರೆ 600 ಬ್ರಿಟಿಷರ ಸಾಲು ಸುಮಾರು 165 ಮೀಟರ್ ಉದ್ದ. ಅಷ್ಟೇ ಫ್ರೆಂಚರ ಸಾಲು 110 ಮೀಟರ್. ಅಂದರೆ ಒಂದೂವರೆ ಪಟ್ಟು ವ್ಯತ್ಯಾಸ! ಆ ಉದ್ದದಲ್ಲೇ ಬ್ರಿಟಿಷರ ಗುಂಡಿನ ಬಲ ಇದ್ದದ್ದು. ಮೇಜಿನ ಮೇಲೆ ಎರಡೂ ಕಡೆ 24 ಗೊಂಬೆ, 40 ಮಿ.ಮೀ. ಅಗಲದ 6 ಬೇಸ್ ಇಟ್ಟರೆ ಎರಡೂ 24 ಸೆಂಟಿಮೀಟರ್ ಬರುತ್ತವೆ, ಆ ವ್ಯತ್ಯಾಸ ಮಾಯ. ಆಟದ ಬಹಳಷ್ಟು ನಿಯಮಪುಸ್ತಕಗಳು ಇದನ್ನು ದಾಳದ ಮೂಲಕ ಸರಿದೂಗಿಸುತ್ತವೆ, ಬ್ರಿಟಿಷರಿಗೆ ಗುಂಡು ಹಾರಿಸುವಾಗ ಏನಾದರೂ ಅನುಕೂಲ ಕೊಡುತ್ತವೆ. ನನಗೆ ಕಣ್ಣಿಗೆ ಕಾಣುವ ದಾರಿಯೇ ಇಷ್ಟ. ಗೆಳೆಯರು ಒಪ್ಪಿದರೆ ಬ್ರಿಟಿಷ್ ಬೆಟಾಲಿಯನ್ನಿಗೆ 36 ಗೊಂಬೆ, 9 ಬೇಸ್ ಇಡಿ. ಒಪ್ಪದಿದ್ದರೆ 24ರಲ್ಲೇ ಆಡಿ, ಆಟವೇನೂ ಕೆಡುವುದಿಲ್ಲ.

ಇನ್ನೊಂದು ವಿಷಯವೂ ಗೊತ್ತಿರಲಿ. 110 ಮೀಟರ್ ಸಾಲು 24 ಸೆಂಟಿಮೀಟರ್ ಆಯಿತು ಅಂದರೆ ನೆಲ ಸುಮಾರು 450 ಪಟ್ಟು ಕುಗ್ಗಿದೆ. ಆದರೆ ಗೊಂಬೆ ಕುಗ್ಗಿರುವುದು ಸುಮಾರು 60 ಪಟ್ಟು ಮಾತ್ರ. ಹಾಗಾಗಿ ಮುಂದಿನಿಂದ ಹಿಂದಕ್ಕೆ 4 ಸೆಂಟಿಮೀಟರ್ ಇರುವ ಬೇಸ್ ನೆಲದ ಲೆಕ್ಕದಲ್ಲಿ 18 ಮೀಟರ್ ಆಳ ಆಗುತ್ತೆ. ಮೂರು ಸಾಲಿನ ನಿಜವಾದ ಆಳ ನಾಲ್ಕು ಮೀಟರ್ ಕೂಡ ಇರಲಿಲ್ಲ. ಫ್ರೆಂಚ್ ಕಾಲಂ ಮೇಜಿನ ಮೇಲೆ 8 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಆಳವಾಗಿ ಉದ್ದುದ್ದ ಕಾಣುತ್ತೆ. ನಿಜದಲ್ಲಿ ಒತ್ತಾಗಿ ನಿಂತ ಕಾಲಂ ಆಳಕ್ಕಿಂತ ಅಗಲವೇ ಜಾಸ್ತಿ. ಫ್ರೆಂಚ್ ಕಾಲಂ ಅಂದರೆ ಉದ್ದನೆಯ ಮೆರವಣಿಗೆ ಅನ್ನುವ ತಪ್ಪು ಕಲ್ಪನೆಗೆ ನಮ್ಮ ಮೇಜುಗಳೂ ಒಂದಷ್ಟು ಕಾರಣ ಅಂತ ನನಗನ್ನಿಸುತ್ತೆ. ಬೇಸ್ ಕತ್ತರಿಸುವಾಗ ಆಳ ಎಷ್ಟು ಕಡಿಮೆ ಇಡಲು ಸಾಧ್ಯವೋ ಅಷ್ಟು ಕಡಿಮೆ ಇಡಿ.

ವ್ಯೂಹಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ಹೌದು. ವಾಟರ್‌ಲೂಗೆ ಎರಡು ದಿನ ಮೊದಲು, 1815ರ ಜೂನ್ 16ರಂದು, ಕಾತ್ರ್ ಬ್ರಾ ಎಂಬ ಅಡ್ಡರಸ್ತೆಯ ಹತ್ತಿರ ನಡೆದದ್ದನ್ನೇ ನೋಡಿ. ಬ್ರಿಟಿಷ್ ಸೇನಾನಿ ಹ್ಯಾಲ್ಕೆಟ್‌ನ ಬ್ರಿಗೇಡಿನಲ್ಲಿ (ಕೆಲವು ಬೆಟಾಲಿಯನ್‌ಗಳ ಗುಂಪು) 30, 33, 69 ಮತ್ತು 73ನೇ ರೆಜಿಮೆಂಟ್‌ಗಳ ಬೆಟಾಲಿಯನ್‌ಗಳು ಇದ್ದವು. ಎತ್ತರಕ್ಕೆ ಬೆಳೆದ ರೈ ಪೈರಿನಲ್ಲಿ ಕುದುರೆಗಳು ಕಾಣುತ್ತಿರಲಿಲ್ಲ. 69ನೆಯವರು ಚೌಕ ಕಟ್ಟುತ್ತಿದ್ದಾಗ ವೆಲ್ಲಿಂಗ್ಟನ್ ಕೈಕೆಳಗಿದ್ದ ಡಚ್ಚರ ಆರೆಂಜ್ ರಾಜಕುಮಾರ ಸಾಲಿಗೆ ಮರಳಿ ಅಂತ ಹೇಳಿದ. ಅಷ್ಟರಲ್ಲಿ ಫ್ರೆಂಚ್ ಸೇನಾನಿ ಕೆಲರ್‌ಮನ್‌ನ ಕ್ಯುರಾಸಿಯರ್‌ಗಳು, ಅಂದರೆ ಉಕ್ಕಿನ ಎದೆಕವಚದ ಸವಾರರು, ಮೇಲೆರಗಿದರು. ಬೆಟಾಲಿಯನ್ ಚದುರಿತು, ರಾಜನ ಧ್ವಜ ಫ್ರೆಂಚರ ಪಾಲಾಯಿತು. ಪಕ್ಕದಲ್ಲೇ ಚೌಕ ಕಟ್ಟಿ ನಿಂತ 30ನೆಯವರು ಉಳಿದುಕೊಂಡರು. ಹಾಗಂತ ಚೌಕದಲ್ಲೇ ಕೂರುವಂತಿಲ್ಲ. ಒಟ್ಟೊಟ್ಟಾಗಿ ನಿಂತ ಚೌಕದ ಮೇಲೆ ಫಿರಂಗಿ ಗುಂಡು ಬಿದ್ದರೆ ಸಾವು ಜಾಸ್ತಿ, ಒಂದು ದಿಕ್ಕಿಗೆ ಗುರಿಯಿಡುವ ಬಂದೂಕುಗಳೂ ನಾಲ್ಕನೇ ಒಂದು ಭಾಗ ಮಾತ್ರ. ಕುದುರೆ ತೋರಿಸಿ ಹೆದರಿಸಿ ಚೌಕ ಕಟ್ಟಿಸುವುದು, ಆಮೇಲೆ ಫಿರಂಗಿಯಿಂದ ಹೊಡೆಯುವುದು. ನೆಪೋಲಿಯನಿಕ್ ಆಟದ ಜೀವ ಇರುವುದೇ ಇಲ್ಲಿ. ನಿಮ್ಮ ಬೇಸ್‌ಗಳು ಇದನ್ನು ತೋರಿಸಿದರೆ ಗೊಂಬೆ 24 ಇದ್ದರೇನು, 18 ಇದ್ದರೇನು?

ಈಗ ಬಣ್ಣದ ವಿಷಯ. ಆಡುವಾಗ ಗೊಂಬೆಯನ್ನು ನೋಡುವುದು ಒಂದು ಮಾರು ದೂರದಿಂದ. ಅಷ್ಟು ದೂರಕ್ಕೆ ಗುಂಡಿ ಕಾಣುವುದಿಲ್ಲ, ಕಣ್ಣಿನ ಪಾಪೆ ಕಾಣುವುದಿಲ್ಲ. ಕೋಟಿನ ಬಣ್ಣ, ಕಾಲರ್ ಮತ್ತು ತೋಳಿನ ಪಟ್ಟಿ, ಎದೆಯ ಮೇಲಿನ ಬಿಳಿ ಅಡ್ಡಪಟ್ಟಿಗಳು, ಮುಖ, ಬಾವುಟ ಕಾಣುತ್ತವೆ. ಕೈಚಳಕವನ್ನೆಲ್ಲ ಅಲ್ಲಿಗೇ ಮೀಸಲಿಡಿ.

ಫ್ರೆಂಚ್ ಕಾಲಾಳಿಗೆ ನಾನು ಕಪ್ಪು ಪ್ರೈಮರ್ (ಬಣ್ಣ ಹಿಡಿಯಲು ಹಚ್ಚುವ ಮೊದಲ ಪದರ) ಹಚ್ಚುತ್ತೇನೆ. ಅದರ ಮೇಲೆ ಕಡುನೀಲಿ ಕೋಟು. ಅಂಚುಗಳಲ್ಲಿ ಕೂದಲೆಳೆಯಷ್ಟು ಕಪ್ಪು ಬಿಟ್ಟರೆ ಅದೇ ನೆರಳು. ಎದೆಯ ಬಿಳಿ ಭಾಗ ಮತ್ತು ಅಡ್ಡಪಟ್ಟಿಗೆ ಮೊದಲು ತಿಳಿ ಬೂದು, ಅದರ ನಡುವೆ ಬಿಳಿ. ನೇರವಾಗಿ ಕಪ್ಪಿನ ಮೇಲೆ ಬಿಳಿ ಹಚ್ಚಿದರೆ ಮೂರು ನಾಲ್ಕು ಪದರ ಬೇಕು, ಗೊಂಬೆಯ ಅಚ್ಚಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಮುಖಕ್ಕೆ ಚರ್ಮದ ಬಣ್ಣ ಹಚ್ಚಿ, ಒಣಗಿದ ಮೇಲೆ ತೆಳು ಕಂದು ವಾಶ್ (ನೀರಾಗಿರುವ ಬಣ್ಣ) ಕೊಡಿ. ಅದು ಕಣ್ಣಿನ ಗುಳಿಗೆ, ಮೂಗಿನ ಪಕ್ಕಕ್ಕೆ ತಾನೇ ಇಳಿಯುತ್ತೆ. ಮೂಗಿನ ತುದಿ, ಕೆನ್ನೆಗೆ ಮತ್ತೆ ಒಂದು ಚುಕ್ಕೆ. ಎಂಟು ಹತ್ತು ಗೊಂಬೆ ಒಟ್ಟಿಗೆ ಸಾಲಾಗಿಟ್ಟು ಒಂದೊಂದೇ ಬಣ್ಣ ಮುಗಿಸುತ್ತಾ ಹೋಗಿ. 24ನ್ನೂ ಒಟ್ಟಿಗೆ ಹಿಡಿದರೆ ಅರ್ಧದಲ್ಲೇ ಬೇಜಾರಾಗುತ್ತೆ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಬೇಡ, ತೇವದ ಗಾಳಿಗೆ ತರಿತರಿಯಾಗುತ್ತೆ. ಬ್ರಶ್‌ನಲ್ಲಿ ಹಚ್ಚುವ ಪ್ರೈಮರ್ ಬಳಸಿ. ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲೇ ಒಣಗುತ್ತೆ, ಒದ್ದೆ ಸ್ಪಂಜಿನ ಮೇಲೆ ಬಟರ್ ಪೇಪರ್ ಹಾಸಿ ಅದರ ಮೇಲೆ ಬಣ್ಣ ಕಲಸಿಕೊಳ್ಳಿ.

ಕಂಪನಿ ಗುರುತಿಸಲು ಟೋಪಿಯ ಮುಂದಿನ ಪುಟ್ಟ ಉಂಡೆ ನೋಡಿ. ನಾಲ್ಕು ಫ್ಯೂಸಿಲಿಯರ್ ಕಂಪನಿಗಳಿಗೆ ಕ್ರಮವಾಗಿ ಕಡುಹಸಿರು, ಆಕಾಶನೀಲಿ, ಕಿತ್ತಳೆ, ನೇರಳೆ. ಗ್ರೆನೇಡಿಯರ್‌ಗಳಿಗೆ ಕೆಂಪು ಭುಜಪಟ್ಟಿ, ವೋಲ್ಟಿಜರ್‌ಗಳಿಗೆ ಹಳದಿ ಕಾಲರ್. ಬೇಸ್‌ಗೊಂದು ಕಂಪನಿ ಅಂತ ಇಟ್ಟಿದ್ದರೆ ಈ ಬಣ್ಣಗಳು ಬೇಸಿಗೊಂದರಂತೆ ಸರಿಯಾಗಿ ಕೂರುತ್ತವೆ. ಕೋಲಿನ ತುದಿಯಲ್ಲಿ ಹದ್ದಿನ ಮೂರ್ತಿ ಇರುವ ಧ್ವಜದ ವಿಷಯದಲ್ಲಿ ಒಂದು ಎಚ್ಚರ: 1808ರ ನಂತರ ರೆಜಿಮೆಂಟಿಗೆ ಒಂದೇ ಹದ್ದು, ಅದು ಮೊದಲ ಬೆಟಾಲಿಯನ್ನಿನ ಬಳಿ. ಎರಡನೇ ಬೆಟಾಲಿಯನ್ ಕೊಂಡಾಗ ಅದಕ್ಕೂ ಹದ್ದು ಅಂಟಿಸಬೇಡಿ.

ಸಮವಸ್ತ್ರ ಪುಸ್ತಕದಲ್ಲಿರುವ ಹಾಗೇ ಇರಬೇಕಾ ಅಂತ ಹೆದರಬೇಡಿ. 1806ರಲ್ಲಿ ಸಮುದ್ರಮಾರ್ಗ ಬ್ರಿಟಿಷರ ಹಿಡಿತದಲ್ಲಿದ್ದು ನೀಲಿಗೆ ಬೇಕಾದ ಇಂಡಿಗೋ ಸಿಗದೆ ಕೆಲವು ಫ್ರೆಂಚ್ ರೆಜಿಮೆಂಟ್‌ಗಳಿಗೆ ಬಿಳಿ ಕೋಟನ್ನೇ ಕೊಟ್ಟಿದ್ದರು, ಆಮೇಲೆ ಕೈಬಿಟ್ಟರು. ದಂಡಯಾತ್ರೆಯಲ್ಲಿ ಪ್ಯಾಂಟ್ ಬೂದೋ ಕಂದೋ, ಸಿಕ್ಕಿದ ಬಟ್ಟೆಯದು. ಹೊಸಬರಿಗೆ ಓವರ್‌ಕೋಟ್ ತೊಟ್ಟ ಗೊಂಬೆಗಳು ಒಳ್ಳೆಯದು. ಬೇಗ ಮುಗಿಯುತ್ತವೆ, 1812ರಲ್ಲಿ ಕೋಟಿನ ಕತ್ತರಿ ಬದಲಾದದ್ದೂ ಅದರೊಳಗೆ ಮುಚ್ಚಿಹೋಗುತ್ತೆ.

ಬ್ರಿಟಿಷ್ ಕಡೆ ಮೊದಲ ಬೆಟಾಲಿಯನ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು 33ನೇ ರೆಜಿಮೆಂಟ್ ಅನ್ನುತ್ತೇನೆ. ಬೇರೆಯವರಿಗೆ ಕೆಂಪು ಕೋಟಿನ ಮೇಲೆ ಹಸಿರೋ ಹಳದಿಯೋ ನೀಲಿಯೋ ಕಾಲರ್. ಇವರಿಗೆ ಕಾಲರ್, ತೋಳಪಟ್ಟಿಯೂ ಕೆಂಪೇ, ಕೆಲಸ ಅಷ್ಟು ಹಗುರ. ರೆಜಿಮೆಂಟಿನ ಧ್ವಜ ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ. ಇನ್ನೊಂದು ಕಾರಣ ನಮಗೆ ಹತ್ತಿರದ್ದು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿದ್ದದ್ದು ಇದೇ 33ನೇ ರೆಜಿಮೆಂಟ್. ಮುಂದೆ ವೆಲ್ಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಆಗ ಅದರ ಲೆಫ್ಟಿನೆಂಟ್ ಕರ್ನಲ್. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಮೇಲೆ ಅವನು ಮಾಡಿದ ದಾಳಿಯನ್ನು ಟಿಪ್ಪುವಿನ ಸೈನಿಕರು ಮುರಿದು ಹಿಮ್ಮೆಟ್ಟಿಸಿದ್ದರು. ಕತ್ತಲು, ತೋಪು, ನೀರಿನ ಕಾಲುವೆ, ದಾರಿ ತಪ್ಪಿದ ಪಡೆ. ಅದನ್ನೇ ಒಂದು ಸಣ್ಣ ಆಟವಾಗಿ ಆಡಬಹುದು. ಆದರೆ 1815ರ ಉಡುಪಿನ ಗೊಂಬೆಗಳನ್ನು 1799ಕ್ಕೆ ಇಟ್ಟರೆ ಸರಿಹೊಂದುವುದಿಲ್ಲ, ಅದಕ್ಕೆ ಬೇರೆಯೇ ಗೊಂಬೆ ಬೇಕು.

ಒಟ್ಟು ಎಷ್ಟು ಅಂತ ಕೇಳಿದ್ದಿರಿ. 6 ಅಡಿ ಉದ್ದ, 4 ಅಡಿ ಅಗಲದ ಮೇಜಿಗೆ ಒಂದು ಕಡೆ 4 ಬೆಟಾಲಿಯನ್ (96 ಗೊಂಬೆ), 12 ಕುದುರೆ ಸವಾರರು, ಎರಡು ಫಿರಂಗಿ ಮತ್ತು ಅವುಗಳ ಹತ್ತು ಜನ, ಒಬ್ಬ ಸೇನಾಪತಿ. ಸುಮಾರು 120. ಇದಕ್ಕಿಂತ ಜಾಸ್ತಿ ಇಟ್ಟರೆ ಸುತ್ತಿ ಬರಲು ಜಾಗವೇ ಇರುವುದಿಲ್ಲ. 120 ದೂರದ ಮಾತು ಅನ್ನಿಸಿದರೆ ಶಾರ್ಪ್ ಪ್ರಾಕ್ಟೀಸ್ ಥರದ ನಿಯಮಪುಸ್ತಕ ನೋಡಿ. ಅದರಲ್ಲಿ ಒಂದು ಗೊಂಬೆ ಅಂದರೆ ಒಬ್ಬನೇ ಸೈನಿಕ, ಒಂದೊಂದು ಕಡೆಗೆ ನಲವತ್ತು ಐವತ್ತು ಗೊಂಬೆ ಇದ್ದರೆ ಆಟ ನಡೆಯುತ್ತೆ. ಅದೇ ಗೊಂಬೆಗಳು ಮುಂದೆ ಬೆಟಾಲಿಯನ್ ಆಗುತ್ತವೆ.

ಖರ್ಚು ಕಡಿಮೆ ಬೇಕೆಂದರೆ 1/72 ಅಳತೆಯ ಮೆದು ಪ್ಲಾಸ್ಟಿಕ್ ಗೊಂಬೆಗಳಿವೆ. ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು ಪ್ರೈಮರ್ ಹಚ್ಚದಿದ್ದರೆ ಬಂದೂಕಿನ ತುದಿಯಿಂದ ಬಣ್ಣ ಉದುರುತ್ತೆ. ದೊಡ್ಡ ಯುದ್ಧವೇ ಬೇಕು ಅನ್ನುವವರಿಗೆ 6 ಮಿ.ಮೀ. ಗೊಂಬೆಗಳು. 6 ಸೆಂಟಿಮೀಟರ್ ಅಗಲದ ಒಂದೇ ಬೇಸಿನ ಮೇಲೆ 24 ಗೊಂಬೆ ಹಿಡಿಸುತ್ತವೆ. ಅಲ್ಲಿ ಬೆಟಾಲಿಯನ್ ನಿಜವಾಗಿಯೂ ಗುಂಪಾಗಿ ಕಾಣುತ್ತೆ, ಆದರೆ ಚೌಕಕ್ಕೆ ಪಕ್ಕದಲ್ಲಿ ಒಂದು ಗುರುತು ಇಟ್ಟು ತಿಳಿಸಬೇಕಾಗುತ್ತೆ.

ಜೊತೆಗೆ ಆಡುವವರ ಬೇಸ್ ಬೇರೆ ಅಳತೆಯದ್ದಾಗಿದ್ದರೆ ಕಿತ್ತು ಮತ್ತೆ ಅಂಟಿಸುವುದು ಬೇಡ. ಸಾಲಿನಲ್ಲಿ ನಿಂತಾಗ ಇಬ್ಬರ ಬೆಟಾಲಿಯನ್ನೂ ಎಷ್ಟು ಅಗಲ ಅಂತ ಅಳೆಯಿರಿ. ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆ ಇದ್ದರೆ ಹಾಗೇ ಆಡಿ. ಅದಕ್ಕಿಂತ ಜಾಸ್ತಿ ಇದ್ದರೆ ಚಿಕ್ಕದರ ಕೆಳಗೆ ಆ ಅಗಲಕ್ಕೆ ಕತ್ತರಿಸಿದ ರಟ್ಟಿನ ತಟ್ಟೆ ಇಟ್ಟು, ಬೇಸ್‌ಗಳ ಮಧ್ಯೆ ಸ್ವಲ್ಪ ಜಾಗ ಬಿಡಿ.