ಕಿವಿ ಇರೋದು ಎರಡೇ ಮಾರಾಯ್ರೇ

ಶನಿವಾರ ಮಧ್ಯಾಹ್ನ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ನಮ್ಮ ಕೌಂಟರಿಗೆ ಅಪ್ಪ-ಮಗ ಜೋಡಿಯಾಗಿ ಬರೋದು ಆ ಹೊತ್ತಿಗೇ. ಮಗನ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಬಣ್ಣದ ಲೈಟು ಹೊಳೆಯೋ ಹೆಡ್‌ಸೆಟ್ಟಿನ ಫೋಟೋ.

"ಅಂಕಲ್, ಇದು 7.1 ತಾನೇ?"

"ನಿಂಗೆ ಕಿವಿ ಎಷ್ಟಪ್ಪಾ?"

ಅಪ್ಪ ನಗುತ್ತಾರೆ. ಮಗ ನಗೋದಿಲ್ಲ. ಕಂಪ್ಯೂಟರ್ ಆಟದಲ್ಲಿ ಶತ್ರುವಿನ ಹೆಜ್ಜೆ ಯಾವ ಕಡೆಯಿಂದ ಅಂತ ತಿಳಿಯೋಕೆ 7.1 ಹೆಡ್‌ಸೆಟ್ಟೇ ಬೇಕು ಅನ್ನೋದು ಈ ಹುಡುಗರ ನಂಬಿಕೆ. ಈ ಮಾತುಕತೆ ವಾರಕ್ಕೆ ನಾಲ್ಕೈದು ಸಲವಾದರೂ ಆಗುತ್ತದೆ. ಹೆಡ್‌ಫೋನ್ ಮಾರಿ, ರಿಪೇರಿ ಮಾಡಿ ಇಪ್ಪತ್ತು ವರ್ಷ ದಾಟಿತು. ಬಾಕಿ ಪ್ರಶ್ನೆಗಳಿಗೆಲ್ಲ ತಾಳ್ಮೆ ಇದೆ. ಇದೊಂದಕ್ಕೆ ಮುಗಿದಿದೆ. ಅದಕ್ಕೇ ಒಂದು ಸಲ ಕೂತು ಬರೆದುಬಿಡೋಣ ಅಂತ.

7.1 ಅನ್ನೋದು ಸ್ಪೀಕರಿನ ಲೆಕ್ಕ. ಕೋಣೆಯಲ್ಲಿ ನಿಮ್ಮ ಸುತ್ತ ಏಳು ಪೆಟ್ಟಿಗೆ, ಗುಡುಗಿನಂಥ ಶಬ್ದಕ್ಕೆ ಒಂದು ಸಬ್‌ವೂಫರ್. ಹಿಂದಿನ ಪೆಟ್ಟಿಗೆಯಲ್ಲಿ ಬಂದ ಸದ್ದು ನಿಜವಾಗಿಯೂ ಹಿಂದಿನಿಂದಲೇ ಬರುತ್ತದೆ. ಹೆಡ್‌ಸೆಟ್ಟಿನಲ್ಲಿ ಅಂಥ ಹಿಂದು-ಮುಂದು ಎಲ್ಲಿದೆ? ಹತ್ತು ಪುಟ್ಟ ಡ್ರೈವರ್, ಅಂದರೆ ಸದ್ದು ಹೊರಡಿಸೋ ಬಿಲ್ಲೆ, ತುಂಬಿಸಿ ಕಿವಿಗೆ ಐದರಂತೆ ಹಂಚಿದ ಹೆಡ್‌ಸೆಟ್ಟುಗಳೂ ಬಂದಿದ್ದವು. ರೇಝರ್ ಟಿಯಾಮಟ್ ಅಂತ 2012ರ ಸುಮಾರಿಗೆ ಒಂದಿತ್ತು. ಆ ಜಾತಿ ಹೆಚ್ಚು ಬೆಳೆಯಲಿಲ್ಲ. ಈಗ ಡಬ್ಬದ ಮೇಲೆ 7.1 ಅಂತ ಬರೆದುಕೊಂಡು ಬರೋದರಲ್ಲಿ ಹೆಚ್ಚುಕಮ್ಮಿ ಎಲ್ಲದರ ಒಳಗೂ ಕಿವಿಗೊಂದರಂತೆ ಎರಡೇ ಡ್ರೈವರ್. ಬಿಚ್ಚಿ ನೋಡಿದವನ ಮಾತಿದು. ಏಳು ಇರೋದು ಯುಎಸ್‌ಬಿ ವೈರಿನ ಮಧ್ಯದ ಆ ಪುಟ್ಟ ಡಬ್ಬಿಯ ಚಿಪ್ಪಿನಲ್ಲಿ. ಇಲ್ಲವಾದರೆ ಕಂಪ್ಯೂಟರಿಗೆ ಹಾಕಿಕೊಳ್ಳೋ ಸಾಫ್ಟ್‌ವೇರಿನಲ್ಲಿ. ಏಳು ಸ್ಪೀಕರಿನ ಸದ್ದನ್ನು ಲೆಕ್ಕ ಹಾಕಿ ಎರಡಕ್ಕೆ ಇಳಿಸಿ ಕೊಡುತ್ತದೆ, ಅಷ್ಟೇ.

ಹಾಗಂತ ಪೂರ್ತಿ ಮೋಸ ಅಂತಲೂ ನಾನು ಹೇಳೋದಿಲ್ಲ. ಎರಡೇ ಡ್ರೈವರಿನಲ್ಲಿ ಹಿಂದು-ಮುಂದು ತೋರಿಸೋಕೆ ಸಾಧ್ಯ. ಯಾಕೆಂದರೆ ದೇವರು ಕೊಟ್ಟಿರೋದೂ ಎರಡೇ ಕಿವಿ, ಅದರಲ್ಲೇ ನಾವು ಹಿಂದೆ ಬರೋ ಸ್ಕೂಟರನ್ನು ಗುರುತಿಸುತ್ತೇವೆ ಅಲ್ವಾ?

ಇದು ಹೇಗೆ ಅನ್ನೋದೇ ನನ್ನ ಗಿರಾಕಿಗಳಿಗೆ ತಲೆಗೆ ಹೋಗದ ವಿಷಯ. ಹಾಗಾಗಿ ಸ್ವಲ್ಪ ಎಳೆದೇ ಹೇಳುತ್ತೇನೆ.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಬಲಗಡೆ ಒಂದು ಸದ್ದಾದರೆ ಬಲಗಿವಿಗೆ ಮೊದಲು ಮುಟ್ಟಿ, ತಲೆ ಸುತ್ತಿಕೊಂಡು ಎಡಗಿವಿಗೆ ಬರೋಕೆ ಒಂದು ಚೂರು ತಡ. ಎಷ್ಟು ಚೂರು ಅಂದರೆ, ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಕ್ಕಾಲು ಪಾಲೂ ಇಲ್ಲ. ಆ ತಡವನ್ನು ಮಿದುಳು ಹಿಡಿಯುತ್ತದೆ. ಜೊತೆಗೆ ತಲೆ ಅಡ್ಡ ಬಂದು ಎಡಗಿವಿಗೆ ಸದ್ದು ಸ್ವಲ್ಪ ಮಂಕಾಗಿರುತ್ತದೆ. ಎಡ-ಬಲದ ಕೆಲಸ ಇಲ್ಲಿಗೆ ಮುಗಿಯಿತು. ಆದರೆ ಸರಿಯಾಗಿ ಮೂಗಿನ ನೇರಕ್ಕೆ ಒಂದು ಸದ್ದು, ಬೆನ್ನ ಹಿಂದೆ ಒಂದು ಸದ್ದು ಅಂದುಕೊಳ್ಳಿ. ಎರಡಕ್ಕೂ ತಡ ಸೊನ್ನೆ. ಆಗ ಏನು ಮಾಡೋದು?

ಆಗ ಕೆಲಸ ಮಾಡೋದು ಕಿವಿಯ ಹೊರಗಿನ ಹಾಳೆ. ಚಿಕ್ಕಂದಿನಲ್ಲಿ ಮೇಷ್ಟ್ರು ಹಿಂಡುತ್ತಿದ್ದರಲ್ಲ, ಅದೇ. ಅದರ ಮಡಿಕೆ, ಹಳ್ಳ, ತಿರುವುಗಳಿಗೆ ಬಡಿದು ಒಳಗೆ ಹೋಗುವಾಗ ಸದ್ದಿನ ಬಣ್ಣ ಬದಲಾಗುತ್ತದೆ. ಮುಂದಿನಿಂದ ಬಂದದ್ದಕ್ಕೆ ಒಂದು ಬಣ್ಣ, ಹಿಂದಿನದಕ್ಕೆ ಇನ್ನೊಂದು, ಮೇಲಿನದಕ್ಕೆ ಮತ್ತೊಂದು. ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ ಕೂತುಕೊಳ್ಳಿ. ಯಾರಾದರೂ ಬೀಗದಕೈ ಗೊಂಚಲನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಅಲ್ಲಾಡಿಸಲಿ. ಬಹುಪಾಲು ಸರಿ ಹೇಳುತ್ತೀರಿ. ಈಗ ಬೆರಳಿನಿಂದ ಎರಡೂ ಕಿವಿಹಾಳೆ ಮಡಚಿ ಹಿಡಿದು ಮತ್ತೆ ಪ್ರಯತ್ನಿಸಿ. ತೂತು ಮಾತ್ರ ಮುಚ್ಚಬೇಡಿ. ಈ ಸಲ ತಪ್ಪು ಜಾಸ್ತಿಯಾಗುತ್ತದೆ. ನನ್ನ ಹೆಂಡತಿ ಈ ಪರೀಕ್ಷೆಯಲ್ಲಿ ಅಡುಗೆಮನೆ ಕಡೆ ಕೈ ತೋರಿಸಿದಳು, ಗೊಂಚಲು ಇದ್ದದ್ದು ಬಾಲ್ಕನಿಯಲ್ಲಿ.

ತಲೆ ಮತ್ತು ಕಿವಿಹಾಳೆ ಸದ್ದಿಗೆ ಮಾಡೋ ಈ ಬದಲಾವಣೆಯನ್ನು ಅಳೆದು ಲೆಕ್ಕಕ್ಕೆ ಇಳಿಸಬಹುದು. ಅದಕ್ಕೇ ಎಚ್‌ಆರ್‌ಟಿಎಫ್ ಅನ್ನೋದು. ಈ ಲೆಕ್ಕ ಹಾಕೋಕೆ ಯಾರು ಹೆಚ್ಚು ಯೋಗ್ಯರು? ಆಟವೇ. ಶತ್ರು ಎರಡನೇ ಮಹಡಿಯ ಮೆಟ್ಟಿಲ ಮೇಲೆ, ನಿಮ್ಮಿಂದ ಇಷ್ಟು ದೂರದಲ್ಲಿ ಕಾಲಿಟ್ಟ ಅಂತ ಕರಾರುವಾಕ್ಕಾಗಿ ಗೊತ್ತಿರೋದು ಆಟಕ್ಕೆ ಮಾತ್ರ. ಕೌಂಟರ್ ಸ್ಟ್ರೈಕಿಗೆ ಇದು 2016ರಲ್ಲಿ ಬಂತು, ವ್ಯಾಲರಂಟಿಗೆ 2021ರಲ್ಲಿ. ಪಿಎಸ್‌5 ಅನ್ನೋ ಸೋನಿ ಆಟದ ಯಂತ್ರವಂತೂ ಹುಟ್ಟುವಾಗಲೇ ಇಟ್ಟುಕೊಂಡು ಬಂತು. ಅದರ ಕಂಟ್ರೋಲರಿನ ತೂತಿಗೆ ಯಾವ ಸಾದಾ ಹೆಡ್‌ಫೋನ್ ಸಿಕ್ಕಿಸಿದರೂ 3ಡಿ ಸದ್ದು ಸಿಗುತ್ತದೆ.

ಈಗ ಎಡವಟ್ಟು ಎಲ್ಲಿ ಆಗುತ್ತದೆ ನೋಡಿ. ಆಟದೊಳಗೆ ಎಚ್‌ಆರ್‌ಟಿಎಫ್ ಆನ್. ಅಂದರೆ ಎರಡು ಕಿವಿಗೆ ಬೇಕಾದ ಸದ್ದು ತಯಾರಾಗಿ ಹೊರಟಿದೆ. ದಾರಿಯಲ್ಲಿ ವಿಂಡೋಸಿನದೇ ಸುತ್ತಲ ಸದ್ದಿನ ಸೌಲಭ್ಯ, ಸ್ಪೇಷಿಯಲ್ ಸೌಂಡ್, ಆನ್. ಅದು "ಓಹೋ, ಇದು ಸ್ಪೀಕರಿಗೆ ಹೊರಟ ಸದ್ದು" ಅಂದುಕೊಂಡು ತನ್ನದೊಂದು ಲೆಕ್ಕ ಹಚ್ಚುತ್ತದೆ. ಆಮೇಲೆ ಹೆಡ್‌ಸೆಟ್ಟಿನ 7.1 ಬಟನ್ನು. ಅದೂ ತನ್ನ ಪಾಲಿನದನ್ನು ಬಳಿಯುತ್ತದೆ. ಕನ್ನಡಕದ ಮೇಲೆ ಕನ್ನಡಕ, ಅದರ ಮೇಲೆ ಇನ್ನೊಂದು. ಪ್ರತಿಯೊಂದೂ ಒಳ್ಳೆಯ ಕನ್ನಡಕವೇ ಇರಬಹುದು. ಆದರೂ ಕಣ್ಣು ಕಾಣೋದಿಲ್ಲ. ಸದ್ದು ಬಾವಿಯೊಳಗಿಂದ ಬಂದ ಹಾಗೆ ಇರುತ್ತದೆ, ಹೆಜ್ಜೆ ಎಲ್ಲಿಂದ ಅನ್ನೋದು ಕಲಸಿಹೋಗುತ್ತದೆ. ಹುಡುಗರಿಗೆ ಇದು "ದೊಡ್ಡದಾಗಿ, ಥಿಯೇಟರ್ ಥರ" ಕೇಳುತ್ತದೆ. ದೊಡ್ಡದಾಗಿ ಕೇಳೋದು ಬೇರೆ, ದಿಕ್ಕು ಗೊತ್ತಾಗೋದು ಬೇರೆ.

ಹಾಗಾಗಿ ನಾನು ಹೇಳೋದು ಇಷ್ಟೇ: ಮೂರು ಕಡೆ ಇರೋ ಈ ಗುಂಡಿಗಳಲ್ಲಿ ಒಂದು ಮಾತ್ರ ಆನ್ ಇರಲಿ. ಆಟದಲ್ಲೇ ಆ ಸೌಲಭ್ಯ ಇದ್ದರೆ ಅದನ್ನು ಇಟ್ಟುಕೊಳ್ಳಿ. ವಿಂಡೋಸಿನದು ಆಫ್, ಹೆಡ್‌ಸೆಟ್ಟಿನದು ಆಫ್, ವಿಂಡೋಸಿನ ಸ್ಪೀಕರ್ ಸೆಟ್ಟಿಂಗ್ ಸ್ಟೀರಿಯೋ. ಕೆಲವು ಆಟಗಳಲ್ಲಿ ಈ ಸೌಲಭ್ಯ ಇಲ್ಲ, 7.1 ಸ್ಪೀಕರಿಗೆ ಮಾತ್ರ ಸದ್ದು ಕಳಿಸುತ್ತವೆ. ಅಂಥವಕ್ಕೆ ಹೆಡ್‌ಸೆಟ್ಟಿನ ಗುಂಡಿ ನಿಜಕ್ಕೂ ಉಪಯೋಗಕ್ಕೆ ಬರಬಹುದು. ಬರಬಹುದು ಅಂದೆ, ಬರುತ್ತದೆ ಅನ್ನಲಿಲ್ಲ. ಯಾಕೆಂದರೆ ಈ ಲೆಕ್ಕಗಳೆಲ್ಲ ಯಾರದ್ದೋ ಕಿವಿ ಅಳೆದು ಮಾಡಿದ್ದು. ನಿಮ್ಮ ಕಿವಿಹಾಳೆ ಅದಕ್ಕೆ ಹೊಂದಿದರೆ ಸರಿ. ಹೊಂದದಿದ್ದರೆ ಹಿಂದಿನದು ಮುಂದೆ ಕೇಳುತ್ತದೆ. ಒಬ್ಬರಿಗೆ ಚೆನ್ನಾಗಿದ್ದದ್ದು ಇನ್ನೊಬ್ಬರಿಗೆ ಚೆನ್ನಾಗಿರಲೇಬೇಕು ಅಂತ ಇಲ್ಲ. ಹಿಂದೆಯೋ ಮುಂದೆಯೋ ಅನ್ನೋ ಅನುಮಾನ ಬಂದಾಗ ಮೌಸನ್ನು ಒಂಚೂರು ಪಕ್ಕಕ್ಕೆ ತಿರುಗಿಸಿ. ಸದ್ದು ಯಾವ ಕಿವಿ ಕಡೆ ಜಾರಿತು ಅನ್ನೋದರಲ್ಲೇ ಉತ್ತರ ಇದೆ. ನಿಜಜೀವನದಲ್ಲಿ ನಾವು ಕತ್ತು ತಿರುಗಿಸೋದೂ ಇದಕ್ಕೇ. ಚೆನ್ನಾಗಿ ಆಡೋ ಹುಡುಗರು ಗೊತ್ತಿಲ್ಲದೇ ಇದನ್ನು ಮಾಡುತ್ತಿರುತ್ತಾರೆ.

ಇದು ಹೊಸ ವಿದ್ಯೆ ಅಂತಲೂ ಅಂದುಕೊಳ್ಳಬೇಡಿ. 1998ರ ಹೊತ್ತಿಗೇ ಆರಿಯಲ್ ಅನ್ನೋ ಕಂಪನಿ ಎ3ಡಿ ಅಂತ ಇದೇ ಕೆಲಸವನ್ನು ಸೌಂಡ್ ಕಾರ್ಡಿನಲ್ಲಿ ಮಾಡಿತ್ತು. ಗೋಡೆಗೆ ಬಡಿದು ಬರೋ ಸದ್ದಿನ ಲೆಕ್ಕವೂ ಸೇರಿತ್ತು. ಕ್ರಿಯೇಟಿವ್ ಕಂಪನಿ ಜೊತೆ ಕೋರ್ಟು ಕಚೇರಿ ಅಲೆದು, ಕೇಸಿನಲ್ಲಿ ಗೆದ್ದೂ ದಿವಾಳಿಯಾಯಿತು. 2000ದಲ್ಲಿ ಅದನ್ನು ಕ್ರಿಯೇಟಿವೇ ಕೊಂಡುಕೊಂಡಿತು. ಆ ಕಾರ್ಡಿನಲ್ಲಿ ಸಾದಾ ಹೆಡ್‌ಫೋನ್ ಸಿಕ್ಕಿಸಿ ಹಾಫ್‌ ಲೈಫ್ ಆಡಿದ್ದೆ. ಬೆನ್ನ ಹಿಂದೆ ಏನೋ ಹರಿದಾಡಿದ ಹಾಗಾಗಿ ನಿಜವಾಗಿ ತಿರುಗಿ ನೋಡಿದ್ದೆ. ಆ ಹೆಡ್‌ಫೋನಿನ ಡಬ್ಬದ ಮೇಲೆ ಯಾವ ನಂಬರೂ ಇರಲಿಲ್ಲ.

ಹೋದ ವರ್ಷ ತುಮಕೂರಿನಿಂದ ಒಬ್ಬ ಇಂಜಿನಿಯರಿಂಗ್ ಹುಡುಗ ಬಂದಿದ್ದ. "ಅಣ್ಣಾ, ಎರಡು ತಿಂಗಳಿಂದ ಸೋಲ್ತಾನೇ ಇದೀನಿ. ಸ್ಟೀರಿಯೋಲಿ ಆಗಲ್ಲ, 7.1 ಕೊಡಿ" ಅಂದ. ಹಳೆಯದನ್ನು ತೋರಿಸು ಅಂದೆ. ಚೆನ್ನಾಗಿರೋ ಹೆಡ್‌ಸೆಟ್ಟು. ಪಿನ್ನಿನ ಹತ್ತಿರ ವೈರ್ ತುಂಡಾಗಿ ಎಲ್ಲೋ ರಿಪೇರಿ ಮಾಡಿಸಿದ್ದಾನೆ. ಹಾಕಿಕೊಂಡು ಎಡ-ಬಲದ ಟೆಸ್ಟ್ ಕೊಟ್ಟೆ. "ಲೆಫ್ಟ್" ಅನ್ನೋ ದನಿ ಬಲಗಿವಿಯಲ್ಲಿ ಬಂತು.

ಪಿನ್ ಬಿಚ್ಚಿದೆ. ಒಳಗೆ ಕೂದಲಿನಷ್ಟು ತೆಳು ವೈರು. ಸಾಮಾನ್ಯವಾಗಿ ಕೆಂಪು ಬಲಗಿವಿಗೆ, ಹಸಿರೋ ನೀಲಿಯೋ ಎಡಗಿವಿಗೆ, ತಾಮ್ರದ ಬಣ್ಣದ್ದು ಅರ್ಥು. ಪಿನ್ನಿನ ತುದಿ ಎಡಗಿವಿಯದ್ದು. ಆ ಪುಣ್ಯಾತ್ಮ ಕೆಂಪು ವೈರನ್ನು ತಂದು ತುದಿಗೇ ಬೆಸುಗೆ ಹಾಕಿದ್ದ. ಹಾಡು ಕೇಳುವಾಗ ಇದು ಯಾರಿಗೂ ಗೊತ್ತಾಗೋದಿಲ್ಲ. ಆಟದಲ್ಲಿ ಮಾತ್ರ ಶತ್ರು ಬಲಗಡೆ, ನಮ್ಮ ಹುಡುಗ ಎಡಗಡೆ ಗುರಿ. ಆ ವೈರಿಗೆ ಮೆರುಗೆಣ್ಣೆ ಹಚ್ಚಿರುತ್ತಾರೆ, ಸುಮ್ನೆ ಸೀಸ ಇಟ್ಟರೆ ಹಿಡಿಯೋದಿಲ್ಲ. ಕಾದ ಸೀಸದ ಹನಿಯಲ್ಲಿ ತುದಿಯನ್ನು ಅದ್ದಿ ಮೆರುಗು ಸುಟ್ಟು, ಎರಡನ್ನೂ ಅದಲುಬದಲು ಮಾಡಿ ಕೊಟ್ಟೆ. ಹತ್ತು ನಿಮಿಷದ ಕೆಲಸ, ನೂರು ರೂಪಾಯಿ.

ನನಗೆ ಭಯವಾದದ್ದು ಬೇರೆಯದಕ್ಕೆ. ಅವತ್ತು ನಾನು ಅವನಿಗೆ 7.1 ಹೆಡ್‌ಸೆಟ್ಟು ಮಾರಿದ್ದರೆ ಅದರ ವೈರು ಸರಿಯಾಗೇ ಇರುತ್ತಿತ್ತು. ಅವನು ಗೆಲ್ಲುತ್ತಿದ್ದ. ಹಾಸ್ಟೆಲಿನ ಅಷ್ಟೂ ಹುಡುಗರಿಗೆ "7.1 ತಗೊಳ್ರೋ" ಅಂತ ಸಾರುತ್ತಿದ್ದ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಡ್ರೈವರ್ 50 ಎಂಎಂ, 53 ಎಂಎಂ ಅನ್ನೋ ಲೆಕ್ಕ ನೋಡಿ ಕೊಳ್ಳಬೇಡಿ, ಪಾತ್ರೆ ದೊಡ್ಡದಾದರೆ ಸಾರು ರುಚಿಯಾಗೋದಿಲ್ಲ. ಬಾಸ್ ಜಾಸ್ತಿ ಇರೋದು ಬಾಂಬಿಗೆ ಚೆನ್ನ, ಹೆಜ್ಜೆಗೆ ಕೆಟ್ಟದ್ದು. ಹಿಂಬದಿ ಜಾಲರಿ ಇರೋ ಓಪನ್ ಹೆಡ್‌ಫೋನಿನಲ್ಲಿ ಸದ್ದು ಬಿಡಿಬಿಡಿಯಾಗಿ, ಹಗುರವಾಗಿ ಬರುತ್ತದೆ. ನನಗೂ ಅದೇ ಇಷ್ಟ. ಆದರೆ ತಲೆ ಮೇಲೆ ಫ್ಯಾನು, ಪಕ್ಕದಲ್ಲಿ ಕುಕ್ಕರ್ ವಿಷಲ್ ಇರೋ ಮನೆಗೆ ಮುಚ್ಚಿದ ಮಾದರಿಯೇ ವಾಸಿ. ಮಂಗಳೂರು, ಕಾರವಾರದ ಕಡೆಯವರು ರೆಕ್ಸಿನ್ ಪ್ಯಾಡ್ ಬಿಟ್ಟು ಬಟ್ಟೆಯ ಪ್ಯಾಡ್ ಇರೋದು ನೋಡಿ. ಆ ಸೆಕೆಗೆ ರೆಕ್ಸಿನ್ ಬೇಗ ಸಿಪ್ಪೆ ಸುಲಿದು ಕೆನ್ನೆಗೆ ಅಂಟುತ್ತದೆ. ಒಂದೇ ಪಿನ್ನಿನ ಹೆಡ್‌ಸೆಟ್ಟು ತಗೊಂಡು, ಮೈಕಿಗೊಂದು, ಹೆಡ್‌ಫೋನಿಗೊಂದು ಅಂತ ಎರಡು ತೂತಿರೋ ಕಂಪ್ಯೂಟರಿಗೆ ಸಿಕ್ಕಿಸಿ, "ಮೈಕ್ ಹಾಳು" ಅಂತ ವಾಪಸ್ ತರಬೇಡಿ. ಕವಲು ವೈರ್ ಹಾಕಿ.

ಬ್ಲೂಟೂತ್ ಇಯರ್‌ಬಡ್ಡಿನಲ್ಲಿ ಬಿಜಿಎಂಐ ಥರದ ಮೊಬೈಲ್ ಶೂಟಿಂಗ್ ಆಟ ಆಡೋರಿಗೆ ಒಂದು ಲೆಕ್ಕ. ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಬರೋದು ಮಾಮೂಲು. ಸೆಕೆಂಡಿಗೆ ಐದು ಮೀಟರ್ ಓಡೋ ಮನುಷ್ಯ ಅಷ್ಟರಲ್ಲಿ ಒಂದು ಮೀಟರ್ ಮುಂದೆ ಹೋಗಿರುತ್ತಾನೆ. ನೀವು ಕೇಳೋದು ಅವನು ಬಿಟ್ಟುಹೋದ ಜಾಗವನ್ನು. ಮೈಕ್ ಆನ್ ಮಾಡಿದರಂತೂ ಎಷ್ಟೋ ಬಡ್ಡುಗಳಲ್ಲಿ ಸದ್ದು ಟೆಲಿಫೋನಿನ ಥರ ಆಗಿ ಎಡ-ಬಲವೇ ಹೋಗುತ್ತದೆ. ವೈರ್ ಬೇಡವೇ ಬೇಡ ಅಂದರೆ, ಪುಟ್ಟ ಯುಎಸ್‌ಬಿ ತುಂಡಿನ ಜೊತೆ ಬರೋ 2.4 ಗಿಗಾಹರ್ಟ್ಸ್ ಮಾದರಿ ತಗೊಳ್ಳಿ.

ಸ್ಪೀಕರ್ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಕಥೆ ಇರೋ ಆಟ, ಕಾರ್ ರೇಸು, ಕ್ರಿಕೆಟ್ಟು, ಇವಕ್ಕೆಲ್ಲ ಎರಡು ಒಳ್ಳೆಯ ಸ್ಪೀಕರ್ ಕಿವಿಯ ಎತ್ತರಕ್ಕೆ ಇಟ್ಟು ಆಡೋ ಸುಖವೇ ಬೇರೆ. ಅವೆರಡರ ನಡುವಿನ ಅಂತರ, ಅವುಗಳಿಂದ ನಿಮಗಿರೋ ಅಂತರ ಒಂದೇ ಇರಲಿ. ಸಬ್‌ವೂಫರನ್ನು ಮಂಚದ ಕೆಳಗೆ ತಳ್ಳಿ, ಕೆಳಗಿನ ಮನೆಯವರ ಜೊತೆ ಜಗಳ ತಂದುಕೊಳ್ಳಬೇಡಿ.

ಅಪ್ಪಂದಿರಿಗೆ ಒಂದು ಮಾತು. ಕಿವಿ ಡಾಕ್ಟರ್ ನಾನಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ, ಮಕ್ಕಳಿಗಾದರೆ ಅಷ್ಟೇ ಹೊತ್ತು 75 ಡೆಸಿಬೆಲ್, ಅದು ಸುರಕ್ಷಿತ ಮಿತಿ. ಸದ್ದು 3 ಡೆಸಿಬೆಲ್ ಏರಿದ ಹಾಗೆಲ್ಲ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ದಿಕ್ಕು ಗೊತ್ತಾಗದವರೇ ವಾಲ್ಯೂಮ್ ಏರಿಸೋದು. ಆಟ ಮುಗಿದ ಮೇಲೆ ಮಗನ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ನನ್ನ ಹತ್ತಿರ ಬರಬೇಡಿ, ಡಾಕ್ಟರ ಹತ್ತಿರ ಹೋಗಿ.

ಈ "ಕಿವಿ ಎಷ್ಟಪ್ಪಾ" ಅನ್ನೋ ನನ್ನ ಹಳೇ ಜೋಕಿಗೆ ಒಂದು ಸಲ ಉತ್ತರ ಬಂತು. ಮೂವತ್ತರ ಆಸುಪಾಸಿನ ಮನುಷ್ಯ. "ಕೆಲಸ ಮಾಡೋದು ಒಂದೇ ಸರ್" ಅಂದರು. ಚಿಕ್ಕಂದಿನ ಜ್ವರದಲ್ಲಿ ಎಡಗಿವಿ ಹೋಗಿದೆಯಂತೆ. ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಸ್ಟೂಲು ಕೊಟ್ಟು ಕೂರಿಸಿದೆ. ವಿಂಡೋಸಿನಲ್ಲಿ ಮೋನೋ ಆಡಿಯೋ ಅನ್ನೋ ಗುಂಡಿ ಇದೆ, ಅದನ್ನು ಒತ್ತಿದರೆ ಎಡಗಡೆಯ ಸದ್ದೂ ಬಲಗಿವಿಗೇ ಬರುತ್ತದೆ, ಏನೂ ತಪ್ಪಿಹೋಗೋದಿಲ್ಲ, ಆದರೆ ದಿಕ್ಕು ಸಿಗೋದಿಲ್ಲ ಅಂತ ಹೇಳಿದೆ. ಯಾವ ಆಟ ಆಡುತ್ತೀರಿ ಅಂದೆ. ಫೋರ್ಟ್‌ನೈಟ್ ಅಂದರು. ಅದರಲ್ಲಿ ಸದ್ದನ್ನು ಕಣ್ಣಿಗೆ ತೋರಿಸೋ ಸೌಲಭ್ಯ ಇದೆ. ಹೆಜ್ಜೆ, ಗುಂಡು, ಪೆಟ್ಟಿಗೆ ಎಲ್ಲಿದೆ ಅಂತ ಪರದೆ ಮೇಲೆ ಸುತ್ತಲೂ ಗುರುತು ಮೂಡುತ್ತದೆ. ಅವರಿಗೆ ಅದು ಗೊತ್ತಿರಲಿಲ್ಲ. ಕೌಂಟರಿನ ಕಂಪ್ಯೂಟರಿನಲ್ಲೇ ಒಂದು ವಿಡಿಯೋ ಹಾಕಿ ತೋರಿಸಿದೆ. ಐದು ನಿಮಿಷ ನೋಡಿದರು.

"ಹಾಗಾದ್ರೆ ಹೆಡ್‌ಸೆಟ್ ಬೇಡ್ವಾ?"

"ಇರೋದರಲ್ಲೇ ಆಡಿ" ಅಂದೆ. ಮಂಚದವರೆಗೂ ಮುಟ್ಟಲಿ ಅಂತ ಮೂರು ಮೀಟರಿನ ಎಕ್ಸ್‌ಟೆನ್ಷನ್ ವೈರ್ ಒಂದು ತಗೊಂಡು ಹೋದರು.